ಎರಡು ಗಂಟೆ ತಡವಾದರೆ ಊಟ

ತೊಂದರೆಗೆಲ್ಲ ಮೂಲ ಒಂದು ಚೀಟಿ. ಬೋಗಿಯ ಬಾಗಿಲ ಪಕ್ಕದಲ್ಲಿ, ಹೊರಗೆ ತಲೆ ಹಾಕಬೇಡಿ ಎಂಬ ಬೋರ್ಡಿನ ಕೆಳಗೆ ಅದನ್ನು ಅಂಟಿಸಿದ್ದರು. "ಗಾಡಿಯು ಎರಡು ಗಂಟೆಗಿಂತ ಹೆಚ್ಚು ತಡವಾದಲ್ಲಿ ಪ್ರಯಾಣಿಕರೆಲ್ಲರಿಗೂ ಪುಕ್ಕಟೆ ಊಟ ನೀಡಲಾಗುವುದು." ಬೆಳಗಿನ ಐದಕ್ಕೆ ಗಾಡಿ ಹೊರಟಾಗ ಅದನ್ನು ಓದಿದವರು ಯಾರೂ ಇಲ್ಲ. ಹನ್ನೊಂದಕ್ಕೆ ಗಾಡಿ ಒಂದು ಗಂಟೆ ಹಿಂದೆ ಬಿದ್ದಿತ್ತು, ಅಷ್ಟರಲ್ಲಿ ಇಡೀ ಬೋಗಿಗೆ ಅದು ಬಾಯಿಪಾಠವಾಗಿತ್ತು.

ಅಲ್ಲಿಂದ ಮುಂದೆ ಯಾರೂ ಊಟ ಕೊಳ್ಳಲಿಲ್ಲ. ಇನ್ನೊಂದು ಗಂಟೆ ತಡವಾದರೆ ಪುಕ್ಕಟೆ ಸಿಗುವುದನ್ನು ಕಾಸು ಕೊಟ್ಟು ತಿನ್ನಲು ಅವರೇನು ಹುಚ್ಚರೇ? ಇತ್ತ ಪ್ಯಾಂಟ್ರಿಯವನೂ ಮಾರುವುದನ್ನು ನಿಲ್ಲಿಸಿದ. ಈಗ ಮಾರಿ ಖಾಲಿ ಮಾಡಿಕೊಂಡು, ಆಮೇಲೆ ಗಾಡಿ ತಡವಾದರೆ ಪುಕ್ಕಟೆ ಬಡಿಸಲು ಎಲ್ಲಿಂದ ತರುವುದು? ಹೀಗಾಗಿ ಬ್ರೆಡ್ಡು, ಸೂಪು, ಬೇಯಿಸಿದ ಆಲೂಗಡ್ಡೆ ಎಲ್ಲ ತಯಾರಾಗಿ ಘಮಘಮ ಅನ್ನುತ್ತಿದ್ದವು, ಬೋಗಿ ತುಂಬ ಜನ ಹಸಿದುಕೊಂಡು ಗಡಿಯಾರ ನೋಡುತ್ತಿದ್ದರು.

ಗಾಡಿ ತಡವಾಗಬಾರದು ಎಂದು ಬೇಡಿಕೊಳ್ಳುತ್ತಿದ್ದವನು ಒಬ್ಬನೇ. ಅವನು ತೂಕ ಮತ್ತು ಅಳತೆ ಇಲಾಖೆಯ ಕಿರಿಯ ಗುಮಾಸ್ತ. ಕಿರಿಯ ಎಂದರೆ ಹುದ್ದೆಯಲ್ಲಿ ಮಾತ್ರ, ವಯಸ್ಸು ಈ ತಿಂಗಳ ಕೊನೆಗೆ ನಲವತ್ತೈದು ತುಂಬುತ್ತದೆ. ನಲವತ್ತೈದು ತುಂಬಿದವರನ್ನು ಬಡ್ತಿಯ ಸಂದರ್ಶನಕ್ಕೆ ಕರೆಯುವ ಪದ್ಧತಿ ಇಲಾಖೆಯಲ್ಲಿಲ್ಲ. ಸಂದರ್ಶನ ಈ ದಿನ ಮಧ್ಯಾಹ್ನ ಮೂರಕ್ಕೆ, ಕೇಂದ್ರ ಕಚೇರಿಯಲ್ಲಿ. ಮೂರು ಹೊಡೆದರೆ ಬಾಗಿಲು ಮುಚ್ಚುತ್ತಾರೆ. ಇದು ತಪ್ಪಿದರೆ ಅವನು ಕಿರಿಯ ಗುಮಾಸ್ತನಾಗಿಯೇ ಮುದುಕನಾಗಬೇಕು.

"ನನ್ನ ತಮ್ಮ, ನಿಮಗಿಂತ ಒಂಬತ್ತು ವರ್ಷಕ್ಕೆ ಚಿಕ್ಕೋನು, ಹಿರಿಯ ಗುಮಾಸ್ತ ಆಗಿ ಮೂರು ವರ್ಷ ಆಯ್ತು," ಎಂದಿದ್ದಳು ಹೆಂಡತಿ, ಬಿಳಿ ಶರ್ಟಿಗೆ ಇಸ್ತ್ರಿ ಒತ್ತುತ್ತ. "ಈ ಸಲಾನೂ ಕಿರಿಯರಾಗೇ ವಾಪಸ್ ಬಂದ್ರೆ, ನಿಮ್ಮನ್ನ ನಾನು 'ಮರಿ' ಅಂತಲೇ ಕರೆಯೋದು. ನೆಂಟರ ಮುಂದೆಯೂ."

ಗಾಡಿ ಊರು ಮುಟ್ಟಬೇಕಾದದ್ದು ಒಂದು ಗಂಟೆಗೆ. ಎರಡು ಗಂಟೆ ತಡವಾದರೆ ಸರಿಯಾಗಿ ಮೂರು. ಯಾವ ಎರಡು ಗಂಟೆ ಆ ಬೋಗಿಯವರಿಗೆಲ್ಲ ಅನ್ನವೋ ಅದೇ ಎರಡು ಗಂಟೆ ಅವನಿಗೆ ಮಣ್ಣು. ಶರ್ಟಿಗೆ ಕಲೆಯಾದೀತೆಂದು ಅವನು ಬುತ್ತಿಯನ್ನೂ ತಂದಿರಲಿಲ್ಲ. ಪ್ಯಾಂಟ್ರಿಯ ಘಮಲು ಬಂದಾಗಲೆಲ್ಲ ಅವನ ಹೊಟ್ಟೆ ಎದುರು ಪಕ್ಷ ಸೇರಿಕೊಂಡು ಗುರ್ರೆನ್ನುತ್ತಿತ್ತು.

ಎದುರು ಸೀಟಿನಲ್ಲಿ ಒಬ್ಬರು ರಿಟೈರಾದ ಮೇಷ್ಟ್ರು ಜೇಬುಗಡಿಯಾರ ಬಿಚ್ಚಿಟ್ಟುಕೊಂಡು ಕೂತಿದ್ದರು. ಬೋಗಿಗೆಲ್ಲ ಅವರದೇ ಲೆಕ್ಕ. ಅವರ ಪಕ್ಕದಲ್ಲೊಬ್ಬಳು ಅಜ್ಜಿ, ಗಾಡಿ ನಿಂತಾಗೆಲ್ಲ ಕೈಮುಗಿಯುವಳು, ಹೊರಟಾಗೆಲ್ಲ ನಿಟ್ಟುಸಿರು ಬಿಡುವಳು.

ಮಧ್ಯಾಹ್ನ ಒಂದೂವರೆ ಸುಮಾರಿಗೆ ಗಾಡಿ ಒಂದು ಸಣ್ಣ ಸ್ಟೇಷನ್ನಿನ ಪಕ್ಕದ ಹಳಿಗೆ ಹೋಗಿ ನಿಂತಿತು. ಇಂಜಿನ್ನು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

"ಒಂದು ಗಂಟೆ ಮೂವತ್ತೈದು ನಿಮಿಷ ಲೇಟು," ಎಂದು ಮೇಷ್ಟ್ರು ಸಾರಿದರು. "ಹಿಂದೆ ಎಕ್ಸ್‌ಪ್ರೆಸ್ ಬರ್ತಾ ಇದೆ. ಅದು ಮುಂದೆ ಹೋಗೋವರೆಗೂ ನಾವು ಅಲ್ಲಾಡಲ್ಲ. ಕನಿಷ್ಠ ಅರ್ಧ ಗಂಟೆ. ಇಲ್ಲಿಂದ ಹೊರಡುವಾಗ ಗಾರ್ಡು ಎರಡು ಗಂಟೆ ಐದು ನಿಮಿಷ ಅಂತ ಬರೆದೇ ಬರೀತಾನೆ."

"ನಿಮ್ಮ ಬಾಯಿಗೆ ಸಕ್ಕರೆ ಹಾಕ," ಎಂದಳು ಅಜ್ಜಿ. "ಸೂಪು ಬಿಸಿ ಮಾಡೋಕೆ ಹೇಳಿ ಅವನಿಗೆ."

ಗುಮಾಸ್ತ ಲೆಕ್ಕ ಹಾಕಿ ನೋಡಿದ. ಇಲ್ಲಿಂದ ಊರಿಗೆ ಸರಿಯಾಗಿ ಒಂದು ಗಂಟೆ ದಾರಿ. ಎರಡು ಐದಕ್ಕೆ ಹೊರಟರೆ ಮುಟ್ಟುವುದು ಮೂರು ಐದಕ್ಕೆ. ಅವನು ಎದ್ದವನೇ ಗಾರ್ಡಿನ ಡಬ್ಬಿಗೆ ಓಡಿದ.

ಗಾರ್ಡು ಟೀ ಕುಡಿಯುತ್ತಿದ್ದ. "ನನ್ನ ಕೈಲೇನಿದೆ ಸ್ವಾಮಿ? ಬೇಕಾದ್ರೆ ದೂರು ಬರೀರಿ," ಎಂದು ದೂರಿನ ಪುಸ್ತಕವನ್ನು ಮುಂದೆ ತಳ್ಳಿದ. ಅದರಲ್ಲಿ ಹಿಂದೆ ಬರೆದವರೆಲ್ಲ ನಲ್ಲಿಯಲ್ಲಿ ನೀರಿಲ್ಲ, ಟೀ ತಣ್ಣಗಿದೆ, ಫ್ಯಾನು ತಿರುಗುವುದಿಲ್ಲ ಎಂದು ಬರೆದು ಹೋಗಿದ್ದರು. ಯಾವುದಕ್ಕೂ ಉತ್ತರವಿರಲಿಲ್ಲ.

ಗುಮಾಸ್ತ ಬರೆದ. ಈ ಗಾಡಿಯ ಹೊತ್ತಿನ ಅಳತೆಯಲ್ಲಿ ಭಾರಿ ಕೊರತೆ ಕಂಡುಬಂದಿದೆ, ಕೂಡಲೇ ಸರಿಪಡಿಸತಕ್ಕದ್ದು. ಕೆಳಗೆ ಕೋಳಿ ಕೆದಕಿದಂಥ ತನ್ನ ಸಹಿ ಹಾಕಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಕತೆ ಬೇರೆ ಇರುತ್ತಿತ್ತು. ಆದರೆ ಹದಿನೆಂಟು ವರ್ಷ ತಕ್ಕಡಿ, ತೂಕದ ಬಟ್ಟು, ಲೀಟರು ಪಾತ್ರೆಗಳಿಗೆ ಮುದ್ರೆ ಒತ್ತಿದ ಕೈ ಅದು, ಮೊಹರಿಲ್ಲದ ಸಹಿ ಅದರ ಪಾಲಿಗೆ ಸಹಿಯೇ ಅಲ್ಲ. ಕೈ ತನ್ನಷ್ಟಕ್ಕೆ ಚೀಲಕ್ಕೆ ಹೋಯಿತು, ಮೊಹರನ್ನು ತೆಗೆಯಿತು, ಠಪ್ಪೆಂದು ಒತ್ತಿತು. "ತೂಕ ಮತ್ತು ಅಳತೆ ಇಲಾಖೆ. ಪರೀಕ್ಷಿಸಲಾಗಿದೆ."

ಗಾರ್ಡು ಟೀ ಲೋಟ ಕೆಳಗಿಟ್ಟು ಎದ್ದು ನಿಂತ. "ಸಾರ್, ತಾವು ಇನ್‌ಸ್ಪೆಕ್ಷನ್‌ಗೆ ಬಂದಿದ್ದೀರಾ? ಮೊದಲೇ ಹೇಳಬಾರದಾ ಸಾರ್?"

ಗುಮಾಸ್ತ ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ. ಅಷ್ಟು ಸಾಕಾಯಿತು. ಗಾರ್ಡು ಸ್ಟೇಷನ್ ಮಾಸ್ತರರ ಕೋಣೆಗೆ ಓಡಿ ಫೋನು ಹಿಡಿದುಕೊಂಡು ಕಿರುಚಿದ್ದು ಪ್ಲಾಟ್‌ಫಾರಂಗೆಲ್ಲ ಕೇಳಿಸಿತು. "ಅಳತೆ ಇಲಾಖೆಯವರು ಗಾಡೀಲೇ ಇದ್ದಾರೆ ಸಾರ್. ಹೊತ್ತು ಅಳೀತಾ ಇದ್ದಾರೆ. ಮೊಹರು ಕೂಡ ಒತ್ತಿಬಿಟ್ರು."

ಹತ್ತು ನಿಮಿಷದಲ್ಲಿ ಅಪ್ಪಣೆ ಬಂತು. ಈ ಗಾಡಿ ಮೊದಲು ಹೋಗಲಿ, ಎಕ್ಸ್‌ಪ್ರೆಸ್ಸನ್ನು ಹಿಂದೆಯೇ ತಡೆಯಿರಿ. ಸಿಗ್ನಲ್ಲು ಹಸಿರಾಯಿತು. ಗುಮಾಸ್ತ ಯುದ್ಧ ಗೆದ್ದವನಂತೆ ಬೋಗಿಗೆ ಮರಳಿದ.

ಬೋಗಿಯವರೆಲ್ಲ ಅವನನ್ನೇ ದುರುಗುಟ್ಟಿ ನೋಡಿದರು. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು.

"ಇವರೇ ನೋಡಿ," ಎಂದರು ಮೇಷ್ಟ್ರು. "ನಮ್ಮೆಲ್ಲರ ಅನ್ನಕ್ಕೆ ಕಲ್ಲು ಹಾಕಿದವರು."

"ನಿಂಗೆ ಹೆಂಡ್ತಿ ಮಕ್ಕಳಿಲ್ವೇನಪ್ಪಾ?" ಎಂದಳು ಅಜ್ಜಿ.

"ಇರೋದ್ರಿಂದಲೇ ಅಜ್ಜಿ," ಎಂದ ಗುಮಾಸ್ತ.

ಅಜ್ಜಿ ಕಿಟಕಿಯ ಕಡೆ ತಿರುಗಿ ಒಂದು ಕ್ಷಣ ಏನೋ ಮಾಡಿದಳು. ಆಮೇಲೆ ಎದೆ ಬಡಿದುಕೊಂಡಳು. "ಅಯ್ಯೋ, ನನ್ನ ಚಪ್ಪಲಿ ಹಳಿಗೆ ಬಿತ್ತು. ಗಾರ್ಡಪ್ಪಾ, ಗಾಡಿ ಬಿಡಬೇಡ. ಬರಿಗಾಲಲ್ಲಿ ನಾನು ಊರಿಗೆ ಹ್ಯಾಗೆ ಇಳೀಲಿ?"

ಗಾರ್ಡು ಮರುಕದವನು. ಎತ್ತಿದ್ದ ಹಸಿರು ಬಾವುಟವನ್ನು ಇಳಿಸಿಬಿಟ್ಟ. ಬೋಗಿಯ ಮುಖದಲ್ಲಿ ಮತ್ತೆ ಕಳೆ ಬಂತು. ಚಪ್ಪಲಿ ಹುಡುಕಲು ಒಬ್ಬರೂ ಕೂತಲ್ಲಿಂದ ಏಳಲಿಲ್ಲ. ಗುಮಾಸ್ತನೇ ಕೆಳಗೆ ಧುಮುಕಿದ. ಜಲ್ಲಿಯ ಮೇಲೆ ಮೊಣಕಾಲೂರಿ, ಬೋಗಿಯ ಅಡಿಗೆ ತೂರಿ, ಗಾಲಿಯ ಪಕ್ಕದಲ್ಲಿ ಬಿದ್ದಿದ್ದ ಚಪ್ಪಲಿಗೆ ಕೈ ಚಾಚಿದ. ಹಿಂದೆ ಪರ್ ಎಂಬ ಸದ್ದು ಕೇಳಿಸಿತು. ಹೊರಗೆ ಬಂದಾಗ ಚಪ್ಪಲಿ ಸಿಕ್ಕಿತ್ತು, ಎರಡೂ ಕೈ ಗ್ರೀಸಿನಿಂದ ಕಪ್ಪಾಗಿತ್ತು, ಪ್ಯಾಂಟಿನ ಹಿಂಭಾಗ ಹೊಲಿಗೆ ಬಿಟ್ಟು ಬಾಯಿ ತೆರೆದಿತ್ತು.

"ಇನ್ನೊಂದು ಕಾಲಿಂದೂ ಬೀಳೋ ಹಾಗಿದೆ ಮಗಾ," ಎಂದಳು ಅಜ್ಜಿ.

ಅವನು ಆ ಇನ್ನೊಂದನ್ನೂ ಕಿತ್ತುಕೊಂಡು, ಎರಡನ್ನೂ ಶರ್ಟಿಗೆ ತಾಗದಂತೆ ದೂರ ಹಿಡಿದುಕೊಂಡು ನಿಂತ.

ಅಷ್ಟರಲ್ಲಿ ಮೇಷ್ಟ್ರು ಗಾರ್ಡನ್ನು ಕಿಟಕಿಯ ಹತ್ತಿರ ಕರೆಸಿಕೊಂಡಿದ್ದರು. "ನಿಮ್ಮ ಗಡಿಯಾರದಲ್ಲಿ ಎಷ್ಟು?"

"ಒಂದು ಐವತ್ತೊಂದು."

"ತಪ್ಪು. ನನ್ನದರಲ್ಲಿ ಒಂದು ಐವತ್ತೇಳು. ಮೂವತ್ತೆಂಟು ವರ್ಷ ಇದನ್ನ ನೋಡಿ ಸ್ಕೂಲಿನ ಬೆಲ್ಲು ಹೊಡೆಸಿದ್ದೀನಿ. ಯಾವ ಗಡಿಯಾರ ಸರಿ ಅಂತ ಮೊದಲು ತೀರ್ಮಾನ ಆಗ್ಲಿ, ಆಮೇಲೆ ಹೊರಡೋಣ." ಇನ್ನು ನಾಲ್ಕು ನಿಮಿಷ ವಾದ ಎಳೆದರೆ ಊಟ ಗ್ಯಾರಂಟಿ ಎಂದು ಅವರಿಗೆ ಗೊತ್ತಿತ್ತು.

ಗಾರ್ಡು ಗುಮಾಸ್ತನ ಕಡೆ ತಿರುಗಿದ. "ಅಳತೆ ಇಲಾಖೆಯವರು ಇಲ್ಲೇ ಇದ್ದಾರಲ್ಲ. ಅವರೇ ಹೇಳ್ಲಿ."

ಗುಮಾಸ್ತ ತನ್ನ ಕೈಗಡಿಯಾರ ನೋಡಿದ. ಬೆಳಿಗ್ಗೆ ರೇಡಿಯೋಕ್ಕೆ ಸರಿಮಾಡಿಕೊಂಡ ಗಡಿಯಾರ ಅದು. ಒಂದು ಐವತ್ತೇಳು. ಅಂಗಡಿಯವರು ಏನೇ ಆಸೆ ತೋರಿಸಿದರೂ ಹದಿನೆಂಟು ವರ್ಷದಲ್ಲಿ ಒಂದು ಗ್ರಾಮಿನ ಸುಳ್ಳಿಗೂ ಒಪ್ಪದವನು ಅವನು. ಆದರೆ ಮೇಷ್ಟ್ರದೇ ಸರಿ ಎಂದರೆ ಗಾರ್ಡು ಗಡಿಯಾರ ತಿದ್ದಿ, ಲೆಕ್ಕ ತಿದ್ದಿ ಬರೆಯುವಷ್ಟರಲ್ಲಿ ಎರಡು ದಾಟುತ್ತದೆ. ಹೆಂಡತಿ 'ಮರಿ' ಎಂದು ಕರೆಯುತ್ತಿರುವುದು ಕಣ್ಣಮುಂದೆ ಬಂತು.

"ಗಾರ್ಡಿನ ಗಡಿಯಾರವೇ ಸರಿ," ಎಂದ. ಹೇಳುವಾಗ ಅವನಿಗೆ ಮೇಷ್ಟ್ರ ಮುಖ ನೋಡಲಾಗಲಿಲ್ಲ.

ಗಾಡಿ ಹೊರಟಿತು. ಒಂದು ಗಂಟೆ ಐವತ್ತೆರಡು ನಿಮಿಷ ತಡ ಎಂದು ಗಾರ್ಡು ಬರೆದುಕೊಂಡ. ಪ್ಯಾಂಟ್ರಿಯವನು ಆ ಕ್ಷಣವೇ "ಊಟ, ಬಿಸಿ ಊಟ" ಎಂದು ಮಾರಲು ಬಂದ. ಸಿಟ್ಟಿಗೆ ಯಾರೂ ಕೊಳ್ಳಲಿಲ್ಲ. ಹೊಟ್ಟೆಗಿಂತ ಹಟ ದೊಡ್ಡದು ಎಂದು ಅಜ್ಜಿ ಸೆರಗು ಹೊದ್ದು ಕೂತಳು.

ಗುಮಾಸ್ತ ಕೈ ತೊಳೆಯಲು ಹೋದ. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ದೂರಿನ ಪುಸ್ತಕದಲ್ಲಿ ಬರೆದವರು ಸುಳ್ಳು ಬರೆದಿರಲಿಲ್ಲ. ಹಿಂತಿರುಗಿ ಬರುವಾಗ ಪ್ಯಾಂಟ್ರಿಯವನು ಅಡ್ಡಹಾಕಿದ. "ಅಣ್ಣಾ, ಇನ್ನೂರು ಊಟ ಪುಕ್ಕಟೆ ಬಡಿಸೋದು ತಪ್ಪಿಸಿದ್ರಿ. ನಿಮ್ಮ ಉಪಕಾರ ಮರೆಯಲ್ಲ. ಒಂದು ಬಟ್ಟಲು ಸೂಪು ಕುಡೀಲೇಬೇಕು."

"ಬೇಡಪ್ಪಾ, ಬಿಳಿ ಶರ್ಟು."

"ನಾನೇ ಹಿಡ್ಕೊಂಡು ಕುಡಿಸ್ತೀನಿ."

ಕಡುಬಡವನಿಗೆ ಕರೆದು ಕೊಡುವವರು ಸಿಕ್ಕರೆ ಬಿಡುತ್ತಾನೆಯೇ? ಹಸಿವು ಗೆದ್ದಿತು. ಗುಮಾಸ್ತ ಬಾಯಿ ತೆರೆದ. ಡ್ರೈವರು ಅದೇ ಗಳಿಗೆಗೆ ಬ್ರೇಕು ಒತ್ತಿದ. ಸೂಪು ಬಾಯಿಯೊಂದನ್ನು ಬಿಟ್ಟು ಉಳಿದೆಲ್ಲ ಕಡೆಗೂ ಹೋಯಿತು. ಇಡೀ ದಿನದಲ್ಲಿ ಬೋಗಿಯವರು ನಕ್ಕದ್ದು ಆವಾಗ ಮಾತ್ರ.

ಗಾಡಿ ಊರು ಮುಟ್ಟಿದಾಗ ಸರಿಯಾದ ಗಡಿಯಾರದಲ್ಲಿ ಎರಡು ಐವತ್ತೆಂಟು. ಕಚೇರಿ ಸ್ಟೇಷನ್ನಿನ ಎದುರಿಗೇ ಇತ್ತು. ಗುಮಾಸ್ತ ಹಿಂದೆ ಒಂದು ಕೈ, ಮುಂದೆ ಚೀಲ ಅಡ್ಡ ಹಿಡಿದುಕೊಂಡು ರಸ್ತೆ ದಾಟಿದ, ಮೆಟ್ಟಿಲು ಹತ್ತಿದ, ಮೂರನೆಯ ಗಂಟೆ ಹೊಡೆಯುತ್ತಿದ್ದಾಗ ಕೋಣೆಯೊಳಗೆ ಬಿದ್ದ. ಜವಾನ ಅವನ ಬೆನ್ನ ಹಿಂದೆಯೇ ಬಾಗಿಲು ಮುಚ್ಚಿದ.

ಒಳಗೆ ಉಳಿದ ಆರು ಮಂದಿ ಅಭ್ಯರ್ಥಿಗಳು ಮಡಿಕೆ ಮುರಿಯದ ಬಟ್ಟೆಯಲ್ಲಿ ಕೂತಿದ್ದರು. ಗುಮಾಸ್ತ ಗೋಡೆಗೆ ಬೆನ್ನು ಕೊಟ್ಟು ಕೂತ. ಬಟ್ಟೆ ಹೇಗಾದರೂ ಇರಲಿ, ಬಂದು ಮುಟ್ಟಿದೆನಲ್ಲ ಎಂದುಕೊಂಡ. ಅವನಿಗೆ ಅಳು ಬರುವಷ್ಟು ಸಂತೋಷವಾಗಿತ್ತು.

ಮೂರೂಕಾಲಾಯಿತು. ಮೂರೂವರೆಯಾಯಿತು. ಯಾರನ್ನೂ ಕರೆಯಲಿಲ್ಲ. ನಾಲ್ಕಕ್ಕೆ ಕಚೇರಿಯ ಮ್ಯಾನೇಜರು ಹಣೆ ಒರೆಸಿಕೊಳ್ಳುತ್ತ ಬಂದರು.

"ಇವತ್ತು ಸಂದರ್ಶನ ಇಲ್ಲ. ಸಂದರ್ಶನ ಮಾಡಬೇಕಾದ ದೊಡ್ಡ ಸಾಹೇಬ್ರು ಬರ್ತಿದ್ದ ಎಕ್ಸ್‌ಪ್ರೆಸ್ಸನ್ನ ದಾರೀಲೇ ತಡೆದುಬಿಟ್ರಂತೆ. ನಿಲ್ಲಿಸಿದ್ದು ಏರಿನ ಮೇಲೆ. ಮತ್ತೆ ಹೊರಡೋಕೆ ಇಂಜಿನ್ನು ಒಪ್ಪಲಿಲ್ಲ. ಸಾಹೇಬ್ರು ಬಿಸಿಲಲ್ಲಿ ಎರಡು ಮೈಲಿ ನಡೆದು ಸಿಕ್ಕಿದ ಸ್ಟೇಷನ್‌ನಿಂದ ಫೋನ್ ಮಾಡಿದ್ರು."

"ತಡೆದದ್ದು ಯಾಕಂತೆ ಸಾರ್?" ಎಂದು ಒಬ್ಬ ಕೇಳಿದ.

"ಮುಂದಿನ ಗಾಡೀಲಿ ನಮ್ಮ ಇಲಾಖೆಯವನೇ ಯಾವನೋ ಒಬ್ಬ ದೂರಿನ ಪುಸ್ತಕಕ್ಕೆ ಮೊಹರು ಒತ್ತಿ, ತಾನೇ ಇನ್‌ಸ್ಪೆಕ್ಟರು ಅನ್ನೋ ಹಾಗೆ ಹೆದರಿಸಿದ್ನಂತೆ. ಸಹಿ ಓದೋಕಾಗಲ್ವಂತೆ, ಮೊಹರು ಎಲ್ಲಾ ಶಾಖೆಯಲ್ಲೂ ಒಂದೇ. ಸಾಹೇಬ್ರು ಕೆಂಡ ಆಗಿದ್ದಾರೆ. ಅವನು ಯಾರು ಅಂತ ಪತ್ತೆ ಆಗೋವರೆಗೂ ಈ ಸಂದರ್ಶನ ನಡೆಯಲ್ಲ. ಪತ್ತೆ ಆದ ಮೇಲೆ ಅವನಿಗೆ ಈ ಜನ್ಮದಲ್ಲಿ ಬಡ್ತಿ ಇಲ್ಲ."

ಗುಮಾಸ್ತನ ಕಾಲು ತಾನಾಗಿ ಎದ್ದು ನಿಂತಿತು. ಬಾಗಿಲು ಎಲ್ಲಿದೆ ಎಂದು ಕಣ್ಣು ಹುಡುಕುತ್ತಿತ್ತು.

"ಭೇಷ್," ಎಂದರು ಮ್ಯಾನೇಜರು. "ಈ ಪತ್ತೆ ಕೆಲಸ ಯಾರಿಗೆ ಕೊಡೋದು ಅಂತ ಕೇಳೋದ್ರೊಳಗೆ ನೀವೇ ಎದ್ದು ನಿಂತ್ರಿ. ಇದು ಶ್ರದ್ಧೆ ಅಂದ್ರೆ. ಬಟ್ಟೆ ನೋಡಿದ್ರೇ ಗೊತ್ತಾಗುತ್ತೆ ನೀವು ಕೆಲಸದ ಮನುಷ್ಯ ಅಂತ. ಎಷ್ಟು ದಿನದಲ್ಲಿ ಹುಡುಕಿ ಕೊಡ್ತೀರಿ?"

ಗುಮಾಸ್ತ ಲೆಕ್ಕ ಹಾಕಿದ. ಬೇಗ ಹುಡುಕಿದರೆ ಬಡ್ತಿ ಹೋಯಿತು. ನಿಧಾನವಾಗಿ ಹುಡುಕಿದರೆ ನಲವತ್ತೈದು ತುಂಬಿತು. "ಸಿಗೋದು ಕಷ್ಟ ಸಾರ್," ಎಂದ.

"ಏನು ಕಷ್ಟ? ಇಂಥವನು ಎಲ್ಲೋ ನಮ್ಮ ಮಧ್ಯೆನೇ ಇರ್ತಾನೆ. ಕಣ್ಣು ಬಿಟ್ಟು ನೋಡಿ," ಎಂದು ಮ್ಯಾನೇಜರು ಅವನ ಬೆನ್ನು ತಟ್ಟಿ ಹೋದರು.

ಆರೂ ಮಂದಿ ಬಂದು ಅವನ ಸುತ್ತ ನಿಂತರು. ತಮ್ಮೆಲ್ಲರ ಬಡ್ತಿಯೂ ಈಗ ಅವನ ಕೈಯಲ್ಲಿತ್ತು. ಒಬ್ಬ ಕೈ ಒರೆಸಿಕೊಳ್ಳಲು ಕರ್ಚೀಫು ಕೊಟ್ಟ, ಇನ್ನೊಬ್ಬ ಕೂರಲು ಕುರ್ಚಿ ಎಳೆದ. ಆ ದರಿದ್ರದವನು ಕೈಗೆ ಸಿಗುವ ತನಕ ಹಗಲೂ ರಾತ್ರಿ ಜೊತೆಗಿರುತ್ತೇವೆ, ಒಂದು ಗಳಿಗೆಯೂ ನಿಮ್ಮನ್ನು ಬಿಟ್ಟು ಕದಲುವುದಿಲ್ಲ ಎಂದು ಆರೂ ಜನ ಮಾತು ಕೊಟ್ಟರು.