ಕೊಲೆಗಾರ ಯಾರೆಂದು ಎಲ್ಲರಿಗೂ ಗೊತ್ತು

ಪತ್ತೇದಾರಿ ಕಾದಂಬರಿ ಬರೆಯುವುದು ಅಷ್ಟೇನೂ ಕಷ್ಟವಲ್ಲ. ಬರೆದದ್ದನ್ನು ಬಸವನಗುಡಿಯಲ್ಲಿ ಒಬ್ಬರ ಕೈಗೆ ಕೊಟ್ಟು ಸುಮ್ಮನೆ ಕೂರುವುದು ಕಷ್ಟ. ಕೊಟ್ಟಾಗಲೆಲ್ಲ ಏನಾದರೊಂದು ಆಗುತ್ತದೆ, ಮತ್ತು ಪ್ರತಿ ಸಲವೂ ನಾನು ಬಾಯಿ ತೆರೆದುಕೊಂಡು ನಿಂತುಬಿಡುತ್ತೇನೆ.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತನಾದವನು. ತಕ್ಕಡಿಯ ವಿಷಯದಲ್ಲಿ ಯಾರಿಗೂ ಒಂದು ಕಾಳಿನಷ್ಟು ರಿಯಾಯಿತಿ ಕೊಟ್ಟವನಲ್ಲ. ಓದಿದ್ದು ಕಾನ್ವೆಂಟಿನಲ್ಲಿ, ಹುಡುಗುತನದಿಂದ ಇಂಗ್ಲಿಷ್ ಪತ್ತೇದಾರಿ ಕತೆಗಳೆಂದರೆ ಪ್ರಾಣ. ನಿವೃತ್ತಿಯಾದ ಮೇಲೆ ನಾನೂ ಒಂದು ಬರೆದೆ, ಕನ್ನಡದಲ್ಲಿ. ಕೊಲೆ ನಡೆಯುವುದು ನಮ್ಮ ಬಸವನಗುಡಿಯ ಹಳೆಯ ಮನೆಯೊಂದರಲ್ಲಿ. ಅಲ್ಲಿನ ಜನ ಇಂಗ್ಲಿಷಿನಲ್ಲಿ ಸಾಯುವುದು ನನಗೆ ಸರಿಕಾಣಲಿಲ್ಲ.

ಕತೆ ಇಷ್ಟು: ವಕೀಲಿ ಬಿಟ್ಟು ಮನೆಯಲ್ಲಿರುವ ರಾಯರು ಒಂದು ಬೆಳಿಗ್ಗೆ ಆರಾಮ ಕುರ್ಚಿಯಲ್ಲಿ ಸತ್ತು ಸಿಗುತ್ತಾರೆ. ಪಕ್ಕದಲ್ಲಿ ಹಿಂದಿನ ಸಂಜೆಯ ಕಾಫಿ ಲೋಟ. ಮನೆಯಲ್ಲಿ ಇರುವವರು ಅವರ ತಂಗಿ, ಅಳಿಯ, ಮಹಡಿಯ ಮೇಲಿನ ಬಾಡಿಗೆದಾರ. ಕೊಲೆಯನ್ನು ಪತ್ತೆ ಮಾಡುವವರು ರಾಯರ ಜೊತೆ ದಿನವೂ ಚೆಸ್ ಆಡಲು ಬರುತ್ತಿದ್ದ ನಿವೃತ್ತ ಪೊಲೀಸ್ ಅಧಿಕಾರಿ. ಕೊಲೆಗಾರ ಅಳಿಯ.

ಎರಡು ನಿಯಮ ಹಾಕಿಕೊಂಡಿದ್ದೆ. ಒಂದು, ಪ್ರತಿಯೊಂದು ಸುಳಿವನ್ನೂ ಓದುಗನ ಕಣ್ಣೆದುರೇ ಇಡಬೇಕು. ಲೇಖಕ ಕಳ್ಳತೂಕ ಹಾಕಬಾರದು. ಎರಡು, ಒಬ್ಬನೇ ಒಬ್ಬ ಓದುಗನಾದರೂ ಕೊಲೆಗಾರ ಯಾರೆಂದು ತಿಳಿಯದೆ ಮೋಸ ಹೋಗಬೇಕು. ಅಲ್ಲಿಯವರೆಗೆ ಅಚ್ಚಿಗೆ ಕೊಡುವುದಿಲ್ಲ. ಚಾಮರಾಜಪೇಟೆಯ ಪ್ರೆಸ್ಸಿನ ಮಾಲೀಕರು ವಾರಕ್ಕೊಮ್ಮೆ ಫೋನ್ ಮಾಡಿ, “ಯಾರಾದ್ರೂ ಮೋಸ ಹೋದ್ರಾ ಸಾರ್?” ಎಂದು ಕೇಳುತ್ತಿದ್ದರು. ನಾನು ನಾಲ್ಕಾರು ಜೆರಾಕ್ಸ್ ಪ್ರತಿ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ, ಓದುಗರನ್ನು ಹುಡುಕಿಕೊಂಡು ಹೊರಟೆ.

೧. ಕನ್ನಡಕ

ಮೊದಲ ಓದುಗರು ನನ್ನ ಹೆಂಡತಿ. ಓದುಗರೆಂದರೆ ತಪ್ಪಾದೀತು, ಅವಳು ಅವರೆಕಾಯಿ ಸುಲಿಯುತ್ತಾ ಕೂತಳು, ನಾನು ಗಟ್ಟಿಯಾಗಿ ಓದಿದೆ. ಮೂರನೆಯ ಅಧ್ಯಾಯ ಮುಗಿಯುವ ಹೊತ್ತಿಗೆ ಮೊರದಿಂದ ತಲೆಯೆತ್ತದೆ ಕೇಳಿದಳು, “ಅಳಿಯ ತಾನೆ?”

ನಾನು ಓದುವುದನ್ನು ನಿಲ್ಲಿಸಿದೆ. “ಯಾವ ಸುಳಿವಿನಿಂದ ಹೇಳ್ತೀಯ? ಕಾಫಿ ಲೋಟವಾ? ಹಿಂಬಾಗಿಲ ಚಿಲಕವಾ?”

“ಚಿಲಕ ಗಿಲಕ ನಂಗೊತ್ತಿಲ್ಲ. ನೀವು ಏನಾದ್ರೂ ಮುಚ್ಚಿಡೋವಾಗ ಕನ್ನಡಕ ತೆಗೆದು ಒರೆಸ್ತೀರ. ಆ ಅಳಿಯ ಒಳಗೆ ಬಂದಾಗಲೆಲ್ಲ ಒರೆಸಿದ್ರಿ.”

ಇಷ್ಟು ವರ್ಷ ಒಂದೇ ಸೂರಿನಡಿ ಒಬ್ಬ ಪತ್ತೇದಾರಿಣಿಯ ಜೊತೆ ಬದುಕಿದ್ದೇನೆ ಎಂದು ಆ ಕ್ಷಣ ತಿಳಿಯಿತು. ಆದರೂ ಬಿಡದೆ, “ನಾನು ನಿನ್ನ ಹತ್ತಿರ ಯಾವತ್ತು ಏನು ಮುಚ್ಚಿಟ್ಟಿದ್ದೀನಿ?” ಎಂದು ದಬಾಯಿಸಿದೆ.

ಅವಳು ನನ್ನ ಕೈಯನ್ನೇ ನೋಡಿದಳು. ಅದು ಆಗಲೇ ಕನ್ನಡಕದ ಮೇಲಿತ್ತು.

೨. ತರಗುಪೇಟೆಯ ವಿಮರ್ಶೆ

ತರಗುಪೇಟೆಯಲ್ಲಿ ಬೇಳೆ ಮಂಡಿ ಇಟ್ಟುಕೊಂಡಿರುವ ಒಬ್ಬ ಸಾಹುಕಾರರು ಪತ್ತೇದಾರಿ ಪುಸ್ತಕಗಳ ಹುಚ್ಚರು. ಕೆಲಸದಲ್ಲಿದ್ದಾಗ ಅವರ ತಕ್ಕಡಿಯನ್ನು ಎಷ್ಟೋ ಸಲ ಪರೀಕ್ಷೆ ಮಾಡಿದ್ದೇನೆ. ಈಗಲೂ ನಾನು ಮೆಟ್ಟಿಲು ಹತ್ತಿದರೆ ಅವರ ಕಣ್ಣು ಮೊದಲು ತಕ್ಕಡಿಯ ಕಡೆಗೆ, ಆಮೇಲೆ ನನ್ನ ಕಡೆಗೆ ಹೋಗುತ್ತದೆ.

ಹಸ್ತಪ್ರತಿ ಕೊಟ್ಟು ಕೆಲವು ದಿನ ಬಿಟ್ಟು ಹೋದೆ. ಗಾದಿಯ ಮೇಲೆ ಕೂತು ಓದುತ್ತಿದ್ದರು. ಬಾಡಿಗೆದಾರನನ್ನು ಪೊಲೀಸರು ಹಿಡಿದೊಯ್ಯುವ ಭಾಗ. ಅಲ್ಲಿ ನಾನು ಎಂಥ ಸಾಕ್ಷ್ಯಗಳನ್ನು ಪೇರಿಸಿದ್ದೆನೆಂದರೆ, ಬರೆಯುವಾಗ ನನಗೇ ಅವನ ಮೇಲೆ ಅನುಮಾನ ಬಂದಿತ್ತು. ಸಾಹುಕಾರರು ಓದಿದ ಹಾಳೆಗಳನ್ನು ಎಡಕ್ಕೆ ಮಡಚಿ, ಉಳಿದ ಹಾಳೆಗಳನ್ನು ಬಲ ಅಂಗೈಯಲ್ಲಿ ಮೆಲ್ಲಗೆ ಎತ್ತೆತ್ತಿ ನೋಡಿದರು.

“ಇವನಲ್ಲ ಸಾರ್.”

“ಅದು ಹೇಗೆ ಹೇಳ್ತೀರಿ?”

“ಈ ಕಡೆ ಇನ್ನೂ ಇಷ್ಟು ಮಾಲಿದೆ. ಇವನೇ ಆಗಿದ್ರೆ ಉಳಿದ ಹಾಳೇಲಿ ಏನು ಬರ್ದಿರ್ತೀರಿ, ಬೇಳೆ ರೇಟಾ?”

ರಾಯರ ತಂಗಿಯ ಮೇಲೆ ಅನುಮಾನ ಬರುವ ಕಡೆಯೂ ಹೀಗೇ ಎತ್ತಿ ನೋಡಿದರು. “ಇವರೂ ಅಲ್ಲ.” ಕೊನೆಗೆ ತೆಳ್ಳಗೆ ನಾಲ್ಕು ಹಾಳೆ ಉಳಿದಾಗ ಪುಸ್ತಕ ಮುಚ್ಚಿ, “ಇನ್ನು ಉಳಿದಿರೋದು ಅಳಿಯ ಒಬ್ಬನೇ. ತೂಕ ಸರಿಹೋಯ್ತು,” ಎಂದರು.

ಪತ್ತೇದಾರಿ ಸಾಹಿತ್ಯವನ್ನು ಓದುವವರನ್ನು ಕಂಡಿದ್ದೆ, ಬೈಯುವವರನ್ನು ಕಂಡಿದ್ದೆ. ತೂಗುವವರನ್ನು ಕಂಡಿರಲಿಲ್ಲ. ಮನಸ್ಸಿನಲ್ಲೇ ಕೈಮುಗಿದೆ. ಹೊರಗೆ ಮಾತ್ರ ಸ್ವಲ್ಪ ಬಿಗುವಾಗಿ, “ಇದು ಓದೋ ರೀತಿ ಅಲ್ಲ, ಇದು ಮೋಸ,” ಎಂದೆ.

ಸಾಹುಕಾರರು ಹಲ್ಲು ಬಿಟ್ಟರು. “ತೂಕದಲ್ಲಿ ಮೋಸ ಮಾಡೋಕಾಗುತ್ತಾ ಸಾರ್? ಅದೂ ನಿಮ್ಮೆದುರಿಗೆ?”

೩. ಗುಡ್ ಬಾಯ್

ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗಿ ನನ್ನ ಕಪಾಟಿನಲ್ಲಿದ್ದ ಮಕ್ಕಳ ಪತ್ತೇದಾರಿ ಪುಸ್ತಕಗಳನ್ನೆಲ್ಲ ಖಾಲಿ ಮಾಡಿದ್ದಳು. ಒಂದೇ ಶರತ್ತಿನ ಮೇಲೆ ಪುಸ್ತಕ ಕೊಡುತ್ತಿದ್ದೆ: ಕಳ್ಳ ಯಾರೆಂದು ಕೊನೆಯ ಅಧ್ಯಾಯದವರೆಗೆ ಯಾರಿಗೂ ಹೇಳಬಾರದು. ಅವಳ ತಾಯಿಯ ಒಪ್ಪಿಗೆ ಪಡೆದು ನನ್ನ ಕಾದಂಬರಿಯನ್ನೂ ಕೊಟ್ಟೆ. ಮಾರನೆಯ ದಿನ ಸ್ಕೂಲಿನಿಂದ ಬಂದವಳೇ, ಬ್ಯಾಗು ಕೂಡ ಇಳಿಸದೆ, ಕಾಂಪೌಂಡಿನ ಆಚೆಯಿಂದ ಪಿಸುಗುಟ್ಟಿದಳು.

“ತಾತ, ಅಳಿಯ ಅಂಕಲ್.”

“ಯಾಕಮ್ಮ ಅವನೇ?”

“ಬೇರೆ ಎಲ್ಲರಿಗೂ ನೀವು ಏನಾದ್ರೂ ಒಂದು ಬೈದಿದೀರ. ಬಾಡಿಗೆಯವರು ಗೊರಕೆ ಹೊಡೀತಾರೆ, ರಾಯರ ತಂಗಿ ಅಜ್ಜಿ ಸಿಡಿಸಿಡಿ ಅಂತಾರೆ. ಅಳಿಯನ್ನ ಮಾತ್ರ ಸಾಧು, ಒಳ್ಳೇವನು, ಮಿತಭಾಷಿ ಅಂತ. ನಮ್ ಕ್ಲಾಸಲ್ಲೂ ಹಂಗೇ ತಾತ. ಮಿಸ್ ಯಾರಿಗೆ ‘ಗುಡ್ ಬಾಯ್’ ಅಂತಾರೋ, ಫ್ಯಾನಿಗೆ ಸೀಮೆಸುಣ್ಣ ಎಸೆದಿರೋನು ಅವನೇ.”

ಒಂದು ವರ್ಷ ಕೂತು ಕಟ್ಟಿದ ಕೋಟೆಯನ್ನು ಒಂದು ಸೀಮೆಸುಣ್ಣ ಕೆಡವಿತು. ನಾನು ಬೆರಗಾಗಿ ನಿಂತೆ. ಆದರೆ ತತ್ವ ಬಿಡುವ ಹಾಗಿಲ್ಲವಲ್ಲ. “ಗೊತ್ತಿದ್ದೂ ಮಿಸ್‌ಗೆ ಹೇಳಿಲ್ವಾ? ಅದು ತಪ್ಪಲ್ವಾ?”

“ಹೆಂಗೆ ಹೇಳೋದು ತಾತ? ಇನ್ನೂ ಜೂನ್ ತಿಂಗಳು, ಕ್ಲಾಸಲ್ಲಿ ಫಸ್ಟ್ ಚಾಪ್ಟರೇ ನಡೀತಿದೆ. ಲಾಸ್ಟ್ ಚಾಪ್ಟರ್ ತನಕ ಹೇಳಬಾರದು ಅಂತ ನೀವೇ ತಾನೆ ಹೇಳಿದ್ದು!”

೪. ಮಲ್ಲೇಶ್ವರದಿಂದ ಬಂದ ಫೋನು

ನನ್ನ ಮಗಳು ಅಳಿಯ ಇರುವುದು ಮಲ್ಲೇಶ್ವರದಲ್ಲಿ. ಅಳಿಯಂದಿರು ಕೂಡ ಒಂದು ಪ್ರತಿ ಒಯ್ದಿದ್ದರು. ಒಂದು ವಾರ ಸುದ್ದಿಯಿಲ್ಲ. ಆಮೇಲೆ ಮಗಳ ಫೋನು: “ಅಪ್ಪ, ಅದೇನು ಓದೋಕೆ ಕೊಟ್ಯೋ? ಇವರು ಸರಿಯಾಗಿ ಊಟಾನೇ ಮಾಡ್ತಿಲ್ಲ.”

ಭಾನುವಾರ ಅಳಿಯಂದಿರೇ ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಕೈ ಕೈ ಹೊಸೆದು, “ಮಾವ, ನನ್ನಿಂದೇನಾದ್ರೂ ತಪ್ಪಾಗಿದ್ರೆ ನೇರವಾಗಿ ಹೇಳ್ಬಿಡಿ,” ಎಂದರು.

“ಅಯ್ಯೋ, ಅದು ಕತೆ ಕಣ್ರೀ!”

“ಕತೆ ಸರಿ ಮಾವ. ಆ ಅಳಿಯಂಗೂ ನೀಲಿ ಸ್ಕೂಟರು. ಅವನೂ ಎಡಗೈಲಿ ಬರೀತಾನೆ. ಹಬ್ಬದ ದಿನ ಒಬ್ಬಟ್ಟಿಗೆ ತುಪ್ಪ ಬೇಡ, ಹಾಲು ಅಂತಾನೆ. ಕರ್ನಾಟಕದಲ್ಲಿ ಇನ್ನೆಷ್ಟು ಜನ ಅಳಿಯಂದಿರು ಹಂಗಿದಾರೆ?”

ವಿವರ ಕರಾರುವಾಕ್ಕಾಗಿರಬೇಕು ಎನ್ನುವುದು ನನ್ನ ಸ್ವಭಾವ. ನೋಡಿ ಬರೆಯಲು ನನಗಿದ್ದ ಅಳಿಯ ಒಬ್ಬರೇ. ಇದನ್ನೇ ಅವರಿಗೆ ಸಮಾಧಾನವಾಗುವಂತೆ ಹೇಳಲು ಹೋದೆ. ಅಡಿಗೆಮನೆಯಿಂದ ಹೆಂಡತಿ ಕೆಮ್ಮಿದಳು, ನಿಲ್ಲಿಸಿದೆ. ಆದರೆ ಒಳಗಿನ ಲೇಖಕ ಸುಮ್ಮನಿರಬೇಕಲ್ಲ. “ಇರಲಿ, ಅವನೇ ಕೊಲೆಗಾರ ಅಂತ ನಿಮಗೆ ಎಷ್ಟನೇ ಪುಟದಲ್ಲಿ ಗೊತ್ತಾಯ್ತು?” ಎಂದೆ.

“ಹೆಸರಿನ ಪುಟದಲ್ಲೇ ಮಾವ. ಬರೆದಿರೋರು ನೀವು, ಒಳಗೊಬ್ಬ ಅಳಿಯ. ಉಳಿದಿದ್ದನ್ನ ಶಿಕ್ಷೆ ಎಷ್ಟು ಅಂತ ನೋಡೋಕೆ ಓದಿದೆ.”

ಅವರು ಹೋದ ಮೇಲೆ ಪ್ರೆಸ್ಸಿಗೆ ಫೋನ್ ಮಾಡಿ ಹೇಳಿದೆ: ಒಬ್ಬರೂ ಮೋಸ ಹೋಗುತ್ತಿಲ್ಲ, ಇನ್ನೊಬ್ಬರಿಗೆ ಕೊಟ್ಟು ನೋಡುತ್ತೇನೆ, ಆಗಲಿಲ್ಲವಾದರೆ ಪುಸ್ತಕವೇ ಬೇಡ.

೫. ದೊಡ್ಡಮ್ಮನ ಕೊನೆಯ ಪುಟ

ಆ ಇನ್ನೊಬ್ಬರು ಚಾಮರಾಜಪೇಟೆಯಲ್ಲಿರುವ ನನ್ನ ದೊಡ್ಡಮ್ಮ. ವಯಸ್ಸು ಎಂಬತ್ತು ದಾಟಿದೆ. ಕನ್ನಡದಲ್ಲಿ ಬಂದ ಯಾವ ಪತ್ತೇದಾರಿ ಪುಸ್ತಕವನ್ನೂ ಬಿಟ್ಟವರಲ್ಲ. ಅವರನ್ನು ಕೊನೆಗೆ ಉಳಿಸಿಕೊಂಡಿದ್ದಕ್ಕೆ ಕಾರಣವಿತ್ತು. ಅವರು ಕೊನೆಯ ಪುಟವನ್ನು ಮೊದಲು ಓದುತ್ತಾರೆ.

“ಅದು ಅಪರಾಧ ದೊಡ್ಡಮ್ಮ,” ಎಂದು ನಾನು ಅನೇಕ ಸಲ ಜಗಳವಾಡಿದ್ದೇನೆ.

“ಹೋಗೋ! ಯಾರು ಸಾಯ್ತಾರೆ ಅಂತ ಮೊದಲೇ ಗೊತ್ತಿದ್ರೆ ಅವರ ಮೇಲೆ ಜಾಸ್ತಿ ಪ್ರೀತಿ ಇಟ್ಕೊಳಲ್ಲ. ಈ ವಯಸ್ಸಲ್ಲಿ ನಂಗ್ಯಾಕೆ ಹೊಸ ಸಂಕಟ?”

ಹಾಗಾಗಿ ಈ ಸಲ ನಾನು ಸ್ಪೈರಲ್ ತಂತಿ ಬಿಚ್ಚಿ, ಕೊನೆಯ ಅಧ್ಯಾಯವನ್ನು ಮನೆಯಲ್ಲೇ ಬೀಗ ಹಾಕಿಟ್ಟು, ಉಳಿದದ್ದನ್ನು ಮಾತ್ರ ಕೊಟ್ಟುಬಂದೆ. ಕೆಲವು ದಿನ ಕಳೆದು, ಮಾರ್ಕೆಟ್ಟಿನಿಂದ ಅವರಿಗೆ ಸೇವಂತಿಗೆ ಕೊಂಡು, ನಡೆದೇ ಹೋದೆ. ಬಾಗಿಲು ತೆಗೆದವರ ಮುಖ ಗಂಟಿಕ್ಕಿತ್ತು.

“ಕೊನೆ ಪುಟ ಕಿತ್ಕೊಂಡಿದೀಯಲ್ಲೋ, ಕಳ್ಳ. ಮೊದಲಿಂದ ಓದೋ ಹಾಗಾಯ್ತು.”

“ಓದಿದ್ರಾ? ಕೊಲೆಗಾರ ಯಾರು ಗೊತ್ತಾಯ್ತಾ?” ಎಂದು ಕೇಳಿದೆ. ಕಾದಂಬರಿಯ ಹಣೆಬರಹ ಅವರ ಬಾಯಲ್ಲಿತ್ತು.

“ಅದೇ, ಆ ಪೊಲೀಸ್ನೋನು. ಪತ್ತೆ ಮಾಡ್ತೀನಿ ಅಂತ ಓಡಾಡ್ತಾನಲ್ಲ, ಅವನೇ.”

ನಾನು ಕುರ್ಚಿಯಲ್ಲಿ ಕುಸಿದೆ, ಸಂತೋಷದಿಂದ. ಸಿಕ್ಕರು! ಒಬ್ಬ ಪ್ರಾಮಾಣಿಕ ಓದುಗರು ಮೋಸ ಹೋದರು! “ತಪ್ಪು ದೊಡ್ಡಮ್ಮ!” ಎಂದು ಕೂಗಿದೆ. “ಅಳಿಯ! ಕಾಫಿ ಲೋಟದ ಅಂಚಿಗೆ ವಿಷ ಸವರಿ ಇಟ್ಟಿದ್ದ. ಕೊನೆಯ ಅಧ್ಯಾಯದಲ್ಲಿ ಪತ್ತೇದಾರರು ಅದೇ ಲೋಟ ಪರೀಕ್ಷೆ ಮಾಡಿಸಿ ಹಿಡೀತಾರೆ.”

ದೊಡ್ಡಮ್ಮ ನನ್ನನ್ನು ಮರುಕದಿಂದ ನೋಡಿದರು. “ಲೋಟದ ಅಂಚಿಗಾ?”

“ಹೌದು, ಅಂಚಿಗೆ.”

“ಎರಡನೇ ಅಧ್ಯಾಯದಲ್ಲಿ ಏನೋ ಬರ್ದಿದೀಯ? ರಾಯರು ಕಾಫಿನ ಒಂದು ಗೇಣು ಮೇಲಿಂದ ಎತ್ತಿ ಕುಡೀತಿದ್ರು, ಜನ್ಮದಲ್ಲಿ ಲೋಟಕ್ಕೆ ತುಟಿ ತಾಗಿಸಿದೋರಲ್ಲ ಅಂತ. ಎತ್ತಿ ಕುಡಿಯೋರಿಗೆ ಅಂಚಿನ ವಿಷ ಹೆಂಗೋ ಹತ್ತುತ್ತೆ?”

ಆ ವಾಕ್ಯ ನನಗೆ ಬಹಳ ಇಷ್ಟವಾದದ್ದು. ರಾಯರು ಅಪ್ಪಟ ಬಸವನಗುಡಿಯವರು ಎಂದು ತೋರಿಸಲು ಬರೆದಿದ್ದೆ. ಆದರೆ ನಾನು ಓದಿ ಬೆಳೆದ ಇಂಗ್ಲಿಷ್ ಕತೆಗಳಲ್ಲಿ ಎಲ್ಲರೂ ಕಪ್ಪಿಗೆ ತುಟಿ ಇಟ್ಟೇ ಸಾಯುತ್ತಾರೆ!

“ನೀನು ಕಾನ್ವೆಂಟಿಗೆ ಹೋದ ಮೇಲೆ ತಾನೆ ಕಚ್ಚಿ ಕುಡಿಯೋದು ಕಲ್ತಿದ್ದು,” ಎಂದರು ದೊಡ್ಡಮ್ಮ. “ಹಾಗಾದ್ರೆ ಅಂಚಿಗೆ ವಿಷ ಹಚ್ಚಿದ್ಯಾರು? ರಾಯರನ್ನ ಬಲ್ಲ ಅಳಿಯ ಹಚ್ತಾನಾ? ಅವರು ಸತ್ತ ಮೇಲೆ ಯಾರೋ ಹಚ್ಚಿದಾರೆ. ಲೋಟ ಪರೀಕ್ಷೆ ಮಾಡಿಸ್ದ ಅಂದ್ಯಲ್ಲ, ಅವನೇ.”

“ಮತ್ತೆ ರಾಯರು ಸತ್ತಿದ್ದು?”

“ಆವತ್ತು ಸಂಜೆ ಎದೆಯುರಿ ಅಂದಿದ್ದಕ್ಕೆ, ಮಲಗೋವಾಗ ತಗೊಳ್ಳಿ ಅಂತ ಜೇಬಿಂದ ಮಾತ್ರೆ ಕೊಟ್ಟೋನು ಯಾರು?”

ಪತ್ತೇದಾರರು ಎಷ್ಟು ದಯಾಳು ಎಂದು ತೋರಿಸಲು ನಾನು ಬರೆದ ಮಾತ್ರೆ ಅದು.

“ಬೆಳಿಗ್ಗೆ ಯಾರೂ ಫೋನೇ ಮಾಡಿಲ್ಲ. ಅಷ್ಟರಲ್ಲಿ ಗೇಟು ತೆಕ್ಕೊಂಡು, ‘ಅಯ್ಯೋ ಹೀಗಾಗಬಾರದಿತ್ತು’ ಅಂತ ಬಂದ್ನಲ್ಲ, ಅವನಿಗೆ ಯಾರು ಹೇಳಿದ್ದು?”

ಫೋನಿನ ಸಂಭಾಷಣೆ ಬರೆಯಲು ಬೇಸರವಾಗಿ ಅವರನ್ನು ನೇರವಾಗಿ ಕರೆತಂದಿದ್ದೆ. ಒಂದೊಂದು ಸುಳಿವೂ ನಾನೇ ಇಟ್ಟದ್ದು, ಒಂದನ್ನೂ ನಾನು ನೋಡಿರಲಿಲ್ಲ. ಕೊನೆಯ ಆಸೆಯಿಂದ ಕೇಳಿದೆ, “ಆದ್ರೆ ಉದ್ದೇಶ? ಸ್ನೇಹಿತರನ್ನ ಯಾಕೆ ಕೊಲ್ತಾರೆ?”

“ಇಬ್ಬರೂ ದಿನಾ ಚೆಸ್ ಆಡ್ತಿದ್ರು, ಅವನು ಒಂದು ಸಲಾನೂ ಗೆದ್ದಿರಲಿಲ್ಲ ಅಂತ ಬರ್ದಿದೀಯ. ಅಷ್ಟು ವರ್ಷ ಸೋತಿದ್ರೆ ಮಾತ್ರೆ ನಾನೇ ಕೊಡ್ತಿದ್ದೆ.”

ನಾನು ಎದ್ದು ದೊಡ್ಡಮ್ಮನ ಕಾಲಿಗೆ ನಮಸ್ಕಾರ ಮಾಡಿದೆ. ಅವರು ತಲೆಯ ಮೇಲೆ ಕೈಯಿಟ್ಟು, “ಪುಸ್ತಕ ಯಾವಾಗ ಬರುತ್ತೋ?” ಎಂದರು.

“ಬರಲ್ಲ ದೊಡ್ಡಮ್ಮ. ಒಬ್ಬರಾದ್ರೂ ಮೋಸ ಹೋದ್ರೆ ಮಾತ್ರ ಅಚ್ಚಿಗೆ ಅಂತ ನಿಯಮ. ನೀವೂ ಹೋಗಲಿಲ್ಲ,” ಎಂದು ಹಿಂದಿನ ಓದುಗರು ಏನೇನು ಹೇಳಿದರೆಂಬುದನ್ನೂ ತಿಳಿಸಿದೆ.

“ಎಲ್ಲರೂ ಅಳಿಯ ಅಳಿಯ ಅಂದ್ರಲ್ಲೋ, ನಿನ್ನ ಹೆಂಡತಿ, ಆ ಬೇಳೆಯೋನು, ಆ ಮಗು? ಅವರೆಲ್ಲ ಮೋಸ ಹೋಗ್ಲಿಲ್ವಾ? ಬರೆದೋನೇ ಮೋಸ ಹೋಗಿರೋ ಪುಸ್ತಕ ಕಣೋ ಇದು! ಮೊದಲು ಆ ಹುಡುಗನ್ನ ಜೈಲಿಂದ ಬಿಡಿಸು, ಆಮೇಲೆ ಮಿಕ್ಕಿದ್ದು.”

ನಿಯಮ ನಿಯಮವೇ. ಕೊನೆಯ ಅಧ್ಯಾಯವನ್ನು ಮಾತ್ರ ಹೊಸದಾಗಿ ಬರೆದೆ. ಹಿಂದಿನದರಲ್ಲಿ ಒಂದು ಅಕ್ಷರವನ್ನೂ ಮುಟ್ಟುವ ಅಗತ್ಯ ಬೀಳಲಿಲ್ಲ. ಪ್ರೆಸ್ಸಿಗೆ ಕೊಟ್ಟು ಬಂದು ಮಲ್ಲೇಶ್ವರಕ್ಕೆ ಫೋನ್ ಮಾಡಿದೆ. “ನೀವು ನಿರಪರಾಧಿ,” ಎಂದೆ. ಆ ಕಡೆಯಿಂದ ಅಳಿಯಂದಿರು ಒಳಗಿದ್ದ ಮಗಳಿಗೆ ಕೂಗಿದ್ದು ಕೇಳಿಸಿತು: “ಲೇ, ಬಿಟ್ಬಿಟ್ರಂತೆ ಕಣೇ!”

ಭಾನುವಾರ ಇಬ್ಬರೂ ಊಟಕ್ಕೆ ಬಂದರು. ಎರಡು ಒಬ್ಬಟ್ಟು ಜಾಸ್ತಿಯೇ ಹೋಯಿತು. ಊಟವಾದ ಮೇಲೆ ಹೆಂಡತಿ ಕಾಫಿ ತಂದಿಟ್ಟಳು. ಮದುವೆಯಾದಂದಿನಿಂದ ಲೋಟ ಕಚ್ಚಿ ಕುಡಿಯುವ ಅಳಿಯಂದಿರು ಅಂದು ಲೋಟವನ್ನು ಒಂದು ಗೇಣು ಮೇಲೆತ್ತಿ, ಕಣ್ಣು ಮುಚ್ಚಿ ಸುರಿದುಕೊಂಡರು. ಅರ್ಧ ಬಾಯಿಗೆ, ಅರ್ಧ ಹೊಸ ಶರ್ಟಿಗೆ.

“ಇದೇನ್ರೀ, ಬಿಡುಗಡೆ ಆಯ್ತಲ್ಲ, ಇನ್ನೇನು ಭಯ?” ಎಂದೆ.

ಅವರು ಗಲ್ಲ ಒರೆಸಿಕೊಂಡು ಹೇಳಿದರು, “ಅದೇ ಮಾವ. ಈಗ ನಾನು ಕೊಲೆಗಾರನೂ ಅಲ್ಲ, ಪತ್ತೇದಾರನೂ ಅಲ್ಲ. ನಿಮ್ಮ ಕತೇಲಿ ಇನ್ನು ಖಾಲಿ ಇರೋದು ಒಂದೇ ಪಾತ್ರ.”