ಹಿತ್ತಿಲ ಕಡಲಿಗೆ ಎಷ್ಟು ಸ್ಟಾರ್?

ಗಂಡ: ಆ ದೊಡ್ಡ ಕೊಲ್ಲಿ ಬೇಡ. ಅಲ್ಲಿ ಮೀನು ಸಣ್ಣವು ಅಂತ ಒಬ್ಬ ಬರೆದಿದಾನೆ.

ಹೆಂಡತಿ: ನಾವೇನು ತೂಕ ಹಾಕಿಸ್ಕೊಂಡು ಬರ್ತೀವಾ? ನೋಡೋಕೆ ತಾನೆ?

ಗಂಡ: ಲೈಟ್‌ಹೌಸ್ ಪಕ್ಕದ್ದು ಪರವಾಗಿಲ್ವಂತೆ. ಆದ್ರೆ ಉಪ್ಪು ಜಾಸ್ತಿಯಂತೆ.

ಹೆಂಡತಿ: ಅದು ಸಮುದ್ರ ಕಣ್ರೀ.

ಗಂಡ: ಇರಲಿ, ಉಪ್ಪಿಗೂ ಒಂದು ಮಿತಿ ಬೇಡ್ವಾ?

ದ್ವೀಪದ ಲಾಡ್ಜೊಂದರ ಮಹಡಿಯ ಕೋಣೆ, ರಜೆಯ ಕೊನೆಯ ಬೆಳಗ್ಗೆ. ಮಧ್ಯಾಹ್ನದ ಹಡಗು ಹತ್ತಿ ಊರಿಗೆ ಹೊರಡಬೇಕು. ಗಂಡ ಫ್ಯಾನ್ ಕಾರ್ಖಾನೆಯಲ್ಲಿ ತಪಾಸಣೆ ಮಾಡುವವನು; ಸದ್ದಿಲ್ಲದೆ ತಿರುಗುವ ಫ್ಯಾನ್ ಕಂಡರೆ ಇವನಿಗೆ ಅನುಮಾನ ಜಾಸ್ತಿ. ಹೆಂಡತಿ ಪ್ರೈಮರಿ ಶಾಲೆಯ ಟೀಚರ್. ಇಬ್ಬರೂ ಇಲ್ಲಿಗೆ ಬಂದದ್ದು ಸ್ನಾರ್ಕೆಲಿಂಗ್ ಮಾಡಲು. ಅಂದರೆ ಕಣ್ಣಿಗೆ ದಪ್ಪ ಕನ್ನಡಕ ಬಿಗಿದು, ಬಾಯಿಗೆ ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲು ಬಿದ್ದು ಮೀನು ನೋಡುವುದು. ಗಂಡನ ಕನ್ನಡಕ, ಕೊಳವೆ ಎರಡೂ ಇನ್ನೂ ಪ್ಯಾಕೆಟ್ಟಿನಲ್ಲೇ ಇವೆ. ಮನುಷ್ಯ ಮಾತ್ರ ಬಂದ ದಿನದಿಂದ ಮಂಚದ ಮೇಲೆ ಬೋರಲು ಬಿದ್ದು ಫೋನು ನೋಡುತ್ತಿದ್ದಾನೆ.

ಹೆಂಡತಿ: ಬಂದ ದಿನವೇ ಹೇಳ್ದೆ, ಇಲ್ಲೇ ಲಾಡ್ಜಿನ ಹಿಂದೆ ಮೆಟ್ಟಿಲಿದೆ, ಇಳಿಯೋಣ ಅಂತ.

ಗಂಡ: ಅಡುಗೆಮನೆ ಹಿಂದಾ? ಅದನ್ನ ಯಾರು ರೆಕಮೆಂಡ್ ಮಾಡಿದಾರೆ?

ಹೆಂಡತಿ: ನಾನು.

ಗಂಡ: ನೀನಲ್ಲ ಕಣೇ. ಯಾರಾದ್ರೂ.

ಹೆಂಡತಿ: ನಿಮ್ಮದು ಮೊಸರಲ್ಲಿ ಕಲ್ಲು ಹುಡುಕೋ ಬುದ್ಧಿ. ನನ್ನನ್ನ ಅದು ಹೇಗೆ ಒಪ್ಕೊಂಡ್ರೋ.

ಗಂಡ: ಆವಾಗ ರಿವ್ಯೂ ಓದೋ ಸೌಕರ್ಯ ಇರ್ಲಿಲ್ಲ.

ಹೆಂಡತಿ ಟವೆಲಿನಿಂದ ತಲೆ ಒರೆಸಿಕೊಳ್ಳುವುದನ್ನು ನಿಲ್ಲಿಸಿ ಅವನನ್ನೊಮ್ಮೆ ನೋಡಿದಳು. ಅವನು ನೋಡಲಿಲ್ಲ.

ಹೆಂಡತಿ: ನನಗೆ ಇರೋದು ಒಂದೇ ಆಸೆ. ಒಂದೇ ಒಂದು ಮೀನನ್ನ ನಾವಿಬ್ಬರೂ ಜೊತೇಲಿ ನೋಡ್ಬೇಕು. ಊರಲ್ಲಿ ಮನೆ ಕೊಳ್ಳೋಕೆ ಹೋದಾಗ್ಲೂ ನೀವು ಒಂದನ್ನೂ ಒಪ್ಪದೆ ಬರೀ ಮನೆ ನೋಡ್ಕೊಂಡು ಬಂದ್ವಿ. ನೀರಲ್ಲಾದ್ರೂ ಇಳಿಯೋಣ ಅಂತ.

ಗಂಡ: ಇಳಿಯೋಣ, ಒಳ್ಳೇ ಜಾಗ ಸಿಗಲಿ. ಅದಿರಲಿ, ಮುಖದ ಮೇಲೇನೇ ಅದು, ಕಣ್ಣಿನ ಸುತ್ತ ದುಂಡಗೆ ಗೆರೆ?

ಹೆಂಡತಿ: ದಿಂಬಿನ ಗುರುತು.

ಗಂಡ: ಈ ಲಾಡ್ಜಿನ ದಿಂಬೂ ಸರಿ ಇಲ್ಲ. ಅದನ್ನೂ ಬರೀತೀನಿ.

ಬಾಗಿಲು ತಟ್ಟಿದ ಸದ್ದಾಯಿತು. ಲಾಡ್ಜಿನ ಮ್ಯಾನೇಜರ್ ಒಳಗೆ ಬಂದ. ಈ ದ್ವೀಪದಲ್ಲಿ ಬಾಡಿಗೆಗೆ ಸಿಗುವ ಬೋಟುಗಳೆಲ್ಲ ಇವನ ಬಾಮೈದನವು. ಆದ್ದರಿಂದ ಒಳ್ಳೆಯ ಜಾಗ ಯಾವುದೆಂದು ಇವನನ್ನು ಕೇಳಿದರೆ, ಯಾವಾಗಲೂ ಬೋಟಿನಲ್ಲೇ ಹೋಗಬೇಕಾದಷ್ಟು ದೂರದ ಜಾಗವನ್ನೇ ಹೇಳುತ್ತಾನೆ.

ಮ್ಯಾನೇಜರ್: ಸಾರ್, ಕೊನೇ ಬೋಟು ಹೊರಡ್ತಾ ಇದೆ. ಏನು ತೀರ್ಮಾನ ಮಾಡಿದ್ರಿ?

ಗಂಡ: ತಾಳಿ ತಾಳಿ. ಈಗ ತಾನೆ ಒಂದು ಹೊಸ ರಿವ್ಯೂ ಬಂದಿದೆ. ಐದಕ್ಕೆ ಐದು ಸ್ಟಾರ್. ಬರೆದಿರೋನ ಹೆಸರು 'ತೇಲುವ ಮೇಷ್ಟ್ರು'. ಕೇಳು, ಎಷ್ಟು ಚೆನ್ನಾಗಿ ಬರೆದಿದಾನೆ.

ಹೆಂಡತಿ: ಬರೆದಿದಾನೆ?

ಗಂಡ: ಗಂಡಸೇ ಇರ್ಬೇಕು. ಸಮುದ್ರ ಅರೆದು ಕುಡಿದೋನು. 'ಹಳೇ ಕಟ್ಟಡದ ಹಿಂಭಾಗ. ಪಾಚಿ ಹಿಡಿದ ಮೆಟ್ಟಿಲು ಇಳಿದರೆ ನೇರವಾಗಿ ನೀರು. ಎಡಕ್ಕೆ ಹಸಿರು ಟ್ಯಾಂಕು. ಎದೆಮಟ್ಟದ ನೀರಲ್ಲೇ ನೀಲಿ ಮೀನುಗಳು ಗುಂಪು ಗುಂಪಾಗಿ ಬಂದು ಮೈ ಸವರಿ ಹೋಗುತ್ತವೆ. ಬೆಳಗಿನ ಹೊತ್ತು ಆಮೆಯೂ ಬರುತ್ತದೆ. ಬೋಟು ಬೇಕಿಲ್ಲ.'

ಮ್ಯಾನೇಜರ್ ಕೆಮ್ಮಿದ. ಹೆಂಡತಿ ಟವೆಲನ್ನು ಬಾಯಿಗೆ ಒತ್ತಿಕೊಂಡಳು.

ಗಂಡ: ಹಳೇ ಕಟ್ಟಡ ಅಂದ್ರೆ ಕೋಟೆ. ಪಾಚಿ ಹಿಡಿದ ಮೆಟ್ಟಿಲು ಅಂದ್ರೆ ರಾಣಿಯರು ಸ್ನಾನಕ್ಕೆ ಇಳೀತಿದ್ದ ಜಾಗ ಇರ್ಬೇಕು. ಇಲ್ಲೆಲ್ಲಾದ್ರೂ ಕೋಟೆ ಇದೆಯೇನ್ರಿ?

ಮ್ಯಾನೇಜರ್: ಕೋಟೆ? ಇದೆ ಸಾರ್. ಇಲ್ದೆ ಏನು. ತುಂಬಾ ದೂರ. ಬೋಟಲ್ಲೇ ಹೋಗ್ಬೇಕು.

ಗಂಡ: ಬೋಟು ಬೇಕಿಲ್ಲ ಅಂತ ಬರೆದಿದಾನಲ್ಲ?

ಮ್ಯಾನೇಜರ್: ಅವರಿಗೆ ಬೇಕಿರಲ್ಲ ಸಾರ್. ತೇಲುವ ಮೇಷ್ಟ್ರಲ್ವಾ, ತೇಲ್ಕೊಂಡೇ ಹೋಗಿರ್ತಾರೆ.

ಹೆಂಡತಿ: ಆ ಕೋಟೆಯಲ್ಲಿ ಹಸಿರು ಟ್ಯಾಂಕು ಯಾವ ರಾಜ ಇಡಿಸಿದ್ದು?

ಮ್ಯಾನೇಜರ್: ಅದು... ಹಿಂದಿನ ಕಾಲದಲ್ಲೂ ನೀರಿಗೆ ತೊಂದರೆ ಇತ್ತಮ್ಮ.

ಗಂಡ: ನೀನು ಸುಮ್ನಿರೇ, ಬಲ್ಲವರು ಮಾತಾಡೋವಾಗ. ಈ ಮೇಷ್ಟ್ರನ್ನ ನಾನು ಪೂರ್ತಿ ನಂಬ್ತೀನಿ. ಉತ್ಪ್ರೇಕ್ಷೆ ಇಲ್ಲ, ಸ್ವಾರ್ಥ ಇಲ್ಲ. ಇಂಥೋರ ಜೊತೆ ಸಂಸಾರ ಮಾಡೋರು ಪುಣ್ಯವಂತರು.

ಹೆಂಡತಿ: ಅದನ್ನ ಅವರ ಮನೆಯವರು ಹೇಳ್ಬೇಕು.

ಗಂಡ: ಇಲ್ಲಿ ಇಳಿದಿರೋರೆಲ್ಲಾ ಇರೋ ಲಾಡ್ಜಿನ ವಾಟ್ಸಾಪ್ ಗ್ರೂಪಿಗೂ ಈಗಲೇ ಕಳಿಸ್ದೆ. 'ಈ ಕೋಟೆ ಎಲ್ಲಿದೆ, ಯಾರಿಗಾದ್ರೂ ಗೊತ್ತಾ' ಅಂತ.

ಮ್ಯಾನೇಜರ್: ಗ್ರೂಪಿಗೆ ಕಳಿಸಿಬಿಟ್ರಾ ಸಾರ್?

ಅವನ ದನಿಯಲ್ಲಿದ್ದ ಸಂಕಟ ಪಾಪ ಗಂಡನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಪಕ್ಕದ ಕೋಣೆಯ ಬಾಗಿಲು ದಢಾರನೆ ತೆರೆಯಿತು. ಆಮೇಲೆ ಎದುರಿನದು, ಅದರಾಚೆಯದು. ಮೆಟ್ಟಿಲ ಮೇಲೆ ದಬದಬ ಕಾಲಸಪ್ಪಳ. ಕನ್ನಡಕ ಬಿಗಿದುಕೊಂಡ ದಪ್ಪನೆಯ ಮನುಷ್ಯನೊಬ್ಬ ಇಣುಕಿ ನೋಡಿ, ಬಾಯಲ್ಲಿ ಕೊಳವೆ ಇದ್ದುದರಿಂದ ಏನೋ ಗೊಳಗೊಳ ಎಂದು ಕೈಮುಗಿದು ಓಡಿದ.

ಗಂಡ: ಏನಂದ ಅವನು?

ಹೆಂಡತಿ: ಥ್ಯಾಂಕ್ಸ್ ಅಂದ.

ಗಂಡ: ಎಲ್ಲಿಗೆ ಓಡ್ತಿದಾರೆ ಎಲ್ಲಾ?

ಹೆಂಡತಿ: ನಿಮ್ಮ ಕೋಟೆಗೆ. ಅಡುಗೆಮನೆ ದಾಟಿದ್ರೆ ಸಿಗುತ್ತೆ. ರಾಣಿಯರು ಇಳೀತಿದ್ದ ಮೆಟ್ಟಿಲ ಮೇಲೆ ಈಗ ತೊಳೆದ ಪಾತ್ರೆ ಒಣಗಿಸ್ತಾರೆ.

ಮ್ಯಾನೇಜರ್ ಬಾಮೈದನಿಗೆ ಫೋನು ಮಾಡುತ್ತಾ ಮೆಲ್ಲಗೆ ಜಾರಿಕೊಂಡ. ಗಂಡ ಮಂಚದ ಮೇಲೆ ಎದ್ದು ಕೂತ. ಒದ್ದೆ ಟವೆಲನ್ನು ನೋಡಿದ. ಹೆಂಡತಿಯ ಕಣ್ಣಿನ ಸುತ್ತಲಿನ ಗೆರೆ ನೋಡಿದ. ಕೆಟ್ಟ ಫ್ಯಾನನ್ನು ದೂರದಿಂದಲೇ ಪತ್ತೆ ಹಚ್ಚುವ ಮನುಷ್ಯನಿಗೆ ಅಷ್ಟು ಹೊತ್ತಿಗೆ ವಿಷಯ ಹೊಳೆಯಿತು.

ಗಂಡ: ತೇಲುವ ಮೇಷ್ಟ್ರು...

ಹೆಂಡತಿ: ದಿನಾ ಬೆಳಗ್ಗೆ. ನೀವು ಗೊರಕೆ ಹೊಡೀತಿದ್ರಿ.

ಗಂಡ: ಒಬ್ಬಳೇ ಹೋಗಿದ್ಯಾ?

ಹೆಂಡತಿ: ಒಬ್ಬಳೇ ನೋಡಿದ್ದಕ್ಕೆ ರುಚಿ ಇರ್ಲಿಲ್ಲ. ಅದಕ್ಕೇ ಬರೆದದ್ದು. ನೀವು ಮನುಷ್ಯರ ಮಾತು ಕೇಳಲ್ಲ, ಫೋನಿನ ಮಾತಾದ್ರೂ ಕೇಳ್ತೀರಲ್ಲ ಅಂತ.

ಗಂಡ ಹಾಗೆಲ್ಲ ಸುಲಭಕ್ಕೆ ಸೋಲುವ ಕುಳವಲ್ಲ.

ಗಂಡ: ಈಗ ಅಲ್ಲಿ ಜನ ಜಾಸ್ತಿ ಆಗಿರ್ತಾರೆ.

ಹೆಂಡತಿ: ಕರೆದೋರು ಯಾರು? ಹಿತ್ತಲ ಗಿಡ ಮದ್ದಲ್ಲ ಅಂತ ಕೂತಿದ್ರಿ, ಈಗ ಊರಿಗೆಲ್ಲಾ ಹಂಚಿದ್ರಿ. ಏಳಿ.

ಗಂಡ: ಇನ್ನೊಂದು ವಿಷಯ. ನಗಬಾರದು.

ಹೆಂಡತಿ: ನಗಲ್ಲ.

ಗಂಡ: ನೀರಲ್ಲಿ ಮುಖ ಇಡೋಕೆ ಭಯ.

ಹೆಂಡತಿ ನಗಲಿಲ್ಲ. ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದು, ಕನ್ನಡಕ ತೆಗೆದು ಅವನ ಮುಖಕ್ಕೆ ತಾನೇ ಬಿಗಿದಳು. ಒಂದನೇ ಕ್ಲಾಸಿನ ಮಕ್ಕಳಿಗೆ ಶೂ ಲೇಸು ಕಟ್ಟಿ ಅಭ್ಯಾಸವಾದ ಕೈ.

ಹಿತ್ತಿಲ ಮೆಟ್ಟಿಲ ಬಳಿ ಇಡೀ ಲಾಡ್ಜೇ ನೀರಿಗಿಳಿದಿತ್ತು. ಎಲ್ಲೆಲ್ಲೂ ಬೆನ್ನುಗಳು, ಮೇಲೆದ್ದ ಕೊಳವೆಗಳು. ಟ್ಯಾಂಕಿನ ಪಕ್ಕ ಒಂಚೂರು ಜಾಗ ಸಿಕ್ಕಿತು. ಹೆಂಡತಿ ಅವನ ಕೈ ಹಿಡಿದಳು. ಅವನು ಆಕಾಶ ನೋಡಿದ, ಟ್ಯಾಂಕು ನೋಡಿದ, ನೋಡಲು ಬೇರೇನೂ ಉಳಿಯದೆ ಮುಖ ಮುಳುಗಿಸಿದ.

ಮೊದಲು ತಟ್ಟನೆ ತಲೆ ಎತ್ತಿದ. ಆಮೇಲೆ ಮತ್ತೆ ಮುಳುಗಿಸಿದ. ನೀಲಿ ಮೀನೊಂದು ಇಬ್ಬರ ಕನ್ನಡಕಗಳ ನಡುವೆ ಬಂದು, ಯಾರನ್ನು ನೋಡಲೆಂದು ಗೊತ್ತಾಗದೆ ನಿಂತು, ಹೊರಟುಹೋಯಿತು. ಅವನು ಹೆಂಡತಿಯ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ.

ಮೇಲೆದ್ದಾಗ ಅವನ ಕಣ್ಣು ಕೆಂಪಾಗಿತ್ತು.

ಗಂಡ: ಉಪ್ಪು ಸ್ವಲ್ಪ ಜಾಸ್ತಿ.

ಹೆಂಡತಿ: ಗೊತ್ತಾಯ್ತು ಬಿಡಿ.

ಗಂಡ: ಅಲ್ವೇ, ಇಷ್ಟು ಹತ್ತಿರ ಇತ್ತು. ಬಂದ ದಿನವೇ ಹೇಳೋದಲ್ವಾ?

ಹೆಂಡತಿ: ಹೇಳಿದ್ದೆ. ಆವಾಗ ನಾನು ಬರೀ ಹೆಂಡತಿ. ಸ್ಟಾರ್ ಹಾಕಿರ್ಲಿಲ್ಲ.