ನಲ್ಲಿ ನೀರಿನ ಹೊತ್ತಿಗೇ ಧ್ಯಾನಕ್ಕೆ ಕೂರುವ ಕಾರ್ಯದರ್ಶಿಯವರಿಗೆ

ವಿಕ್ರೋಳಿ, ಮುಂಬಯಿ
ಮೇ ೧೯೭೩

ಮಾನ್ಯ ಕಾರ್ಯದರ್ಶಿಯವರೇ,

ಏಕಾಂತ ಧ್ಯಾನ ಪ್ರೋತ್ಸಾಹಕ ಸಮಿತಿಯ ಸಂಸ್ಥಾಪಕರೂ, ಅದರ ಏಕಮಾತ್ರ ತಪಾಸಣಾಧಿಕಾರಿಯೂ, ನಮ್ಮ ಕನ್ನಡ ಕ್ರೈಸ್ತ ಸಭೆಯ ನಲವತ್ತು ಕುಟುಂಬಗಳ ಬೆಳಗಿನ ಮೌನಕ್ಕೆ ಒಡೆಯರೂ, ಹದಿಮೂರು ವರ್ಷಗಳಿಂದ ನನ್ನ ಪತಿಯೂ ಆದ ಶ್ರೀ ದಾನಪ್ಪ ಹಂಚಿನಮನಿಯವರಿಗೆ, ಚಾಳಿನ ಹದಿನಾಲ್ಕನೆಯ ಖೋಲಿಯಿಂದ, ಅಂದರೆ ತಮ್ಮದೇ ವಿಳಾಸದಿಂದ, ವಿನೋದಿನಿಯು ಮಾಡುವ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ನಿನ್ನೆ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಎರಡು ಸಲ ಹೇಳಿದಿರಿ. ಅಸ್ವಸ್ಥರು ಒಮ್ಮೆ ಮಾತ್ರ ಹೇಳುತ್ತಾರೆ.

ಒಂದೇ ಖೋಲಿಯಲ್ಲಿ ಇರುವವಳು ಬಾಯಿಬಿಟ್ಟು ಹೇಳುವುದನ್ನು ಬಿಟ್ಟು ಪತ್ರವೇಕೆ ಬರೆದಳೆಂದು ತಾವು ಕೇಳಬಹುದು. ಸಮಿತಿಯ ಏಳನೆಯ ನಿಯಮದ ಪ್ರಕಾರ ಸದಸ್ಯರ ದೂರುಗಳೆಲ್ಲ ಲಿಖಿತವಾಗಿರಬೇಕು, ಮತ್ತು ಅವು ಸಭೆಯ ತಿಂಗಳ ಪತ್ರಿಕೆಯಲ್ಲಿ ಎಲ್ಲರ ಅವಗಾಹನೆಗಾಗಿ ಪ್ರಕಟವಾಗಬೇಕು. ಆ ನಿಯಮವನ್ನು ಬರೆದವರು ತಾವೇ. ಆ ಪತ್ರಿಕೆಯನ್ನು ಸೈಕ್ಲೋಸ್ಟೈಲ್ ಮಾಡಲು ಮೇಣದ ಹಾಳೆಯ ಮೇಲೆ ಒಂದೊಂದೇ ಅಕ್ಷರವನ್ನು ಕೊರೆಯುವವರೂ ತಾವೇ. ಆದುದರಿಂದ ಈ ಪತ್ರವನ್ನು ಬೇರೆ ಯಾರು ಓದಲಿ ಬಿಡಲಿ, ತಾವಂತೂ ಬಹಳ ನಿಧಾನವಾಗಿ ಓದುವಿರೆಂಬ ಭರವಸೆ ನನಗಿದೆ.

ಮೊದಲು ಮೆಚ್ಚುಗೆ. ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತರಾಗಿ ಒಂಬೈನೂರು ಜನರ ಬರುವಿಕೆ ಹೋಗುವಿಕೆಗಳನ್ನು ಕಾಯುವ ತಮಗೆ, ದೇವರ ಮುಂದೆ ಮಾತ್ರ ಜನ ಹಾಜರಿಯಿಲ್ಲದೆ ಬಂದು ಹೋಗುತ್ತಾರಲ್ಲ ಎಂಬ ಚಿಂತೆ ಹತ್ತಿದ್ದು ಕಳೆದ ಜನವರಿಯಲ್ಲಿ. ಕ್ರೈಸ್ತನಾದವನು ದಿನದ ಮೊದಲ ಮುಕ್ಕಾಲು ಗಂಟೆಯನ್ನು ದೇವರಿಗೆ ಮೀಸಲಿಡಬೇಕು, ಉಳಿದ ಕೆಲಸಗಳೆಲ್ಲ ಅದರ ಹಿಂದೆ ಸಾಲು ನಿಲ್ಲಬೇಕು ಎಂದು ತಾವು ಸಭೆಯಲ್ಲಿ ಮಾತಾಡಿದಾಗ ನಾನು ಮನಸಾರೆ ತಲೆದೂಗಿದೆ. ಬೆಟಗೇರಿಯಲ್ಲಿ ನನ್ನ ಅವ್ವ ಮಗ್ಗಕ್ಕೆ ಕೂರುವ ಮೊದಲು ಸತ್ಯವೇದ ತೆರೆದು ಮಂಡಿಯ ಮೇಲಿಟ್ಟುಕೊಂಡು ಅಷ್ಟು ಹೊತ್ತು ಸುಮ್ಮನಿರುತ್ತಿದ್ದಳು. ಮದುವೆಯಾಗಿ ಬರುವ ತನಕ ನಾನೂ ಅವಳ ಪಕ್ಕದಲ್ಲಿ ಹಾಗೇ ಇದ್ದವಳು. ತಾವು ಹಂಚಿದ ಹಳದಿ ಕಾರ್ಡನ್ನು, ತಿಂಗಳಿಗೆ ಮೂವತ್ತೊಂದು ಚೌಕಗಳಿರುವ ಆ ಕಾರ್ಡನ್ನು, ಹಿಗ್ಗಿನಿಂದಲೇ ತಂದು ದೇವರ ವಾಕ್ಯದ ಕ್ಯಾಲೆಂಡರಿನ ಪಕ್ಕಕ್ಕೆ ತೂಗುಹಾಕಿದೆ.

ಆದರೆ ಹೋದ ವರ್ಷದ ಮಳೆ ಕೈಕೊಟ್ಟ ಕಾರಣ ನಮ್ಮ ಚಾಳಿನ ನಲ್ಲಿಗೆ ನೀರು ಬರುವುದು ಬೆಳಗ್ಗೆ ಐದೂವರೆಯಿಂದ ಆರೂಕಾಲಿನ ತನಕ ಮಾತ್ರ. ಇಪ್ಪತ್ತೆರಡು ಖೋಲಿಗಳಿಗೆ ಒಂದು ನಲ್ಲಿ. ಇಡೀ ದಿನದ ಇಪ್ಪತ್ತನಾಲ್ಕು ತಾಸುಗಳಲ್ಲಿ ಹುಡುಕಿ ಹುಡುಕಿ ತಾವು ಸಮಿತಿಯ ಎಲ್ಲರ ಧ್ಯಾನಕ್ಕೆಂದು ಆರಿಸಿ ಗೊತ್ತುಮಾಡಿದ್ದು ಐದೂವರೆಯಿಂದ ಆರೂಕಾಲು. ಇಷ್ಟು ಕರಾರುವಾಕ್ಕಾದ ಆಯ್ಕೆ ಮನುಷ್ಯಮಾತ್ರರಿಂದ ಸಾಧ್ಯವಿಲ್ಲ. ಖೋಲಿಯಲ್ಲಿರುವ ಒಂದೇ ಕುರ್ಚಿಯ ಮೇಲೆ ತಾವು ಕಿಟಕಿಯ ಕಡೆ ಮುಖಮಾಡಿ ಕಣ್ಣುಮುಚ್ಚಿದರೆ, ನಮ್ಮ ಇಬ್ಬರು ಹೆಣ್ಣುಮಕ್ಕಳು ಬೆರಳ ತುದಿಯ ಮೇಲೆ ನಡೆಯಬೇಕು, ಸ್ಟೋವಿಗೆ ಪಂಪು ಹೊಡೆಯುವಂತಿಲ್ಲ, ನಾನು ತುಂಬಿದ ಹಂಡೆಯನ್ನು ಖೋಲಿಯ ಮೂಲೆಯ ಬಚ್ಚಲಾದ ಮೋರಿಯಲ್ಲಿ ಇಳಿಸುವಾಗ ಅದು ಸದ್ದು ಮಾಡುವಂತಿಲ್ಲ. ಆದರೂ ತಾವು 'ಆಮೆನ್' ಎಂದ ಮರುಗಳಿಗೆಯಲ್ಲಿ ಚಹಾ ಮುಂದಿರಬೇಕು. ಯೇಸುಸ್ವಾಮಿ ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆಯ ನಂತರ ನೀರಿನ ವಿಷಯದಲ್ಲಿ ಇಂಥ ಪವಾಡ ದಿನನಿತ್ಯ ನಡೆದದ್ದು ನಮ್ಮ ಖೋಲಿಯಲ್ಲೇ ಇರಬೇಕು.

ಹೀಗಾಗಿ ತಮ್ಮ ಕಾರ್ಡಿನಲ್ಲಿ ನಾಲ್ಕು ತಿಂಗಳೂ ಒಂದು ಚೌಕ ಬಿಡದೆ ಕೆಂಪು ಪೆನ್ಸಿಲಿನ ಗುರುತು ತುಂಬಿತು, ನನ್ನದು ತಾವು ಹಂಚಿದ ದಿನದಷ್ಟೇ ಸ್ವಚ್ಛವಾಗಿ ಉಳಿಯಿತು. ಏಪ್ರಿಲ್ ಕೊನೆಯ ಭಾನುವಾರ ತಾವು ಸಭೆಯ ಮುಂದೆ ನಿಂತು ವರದಿ ಓದಿದಿರಿ. ಅವರು ಇಷ್ಟು ದಿನ, ಇವರು ಇಷ್ಟು ದಿನ ಎಂದು ಓದುತ್ತ ಬಂದು, ಧ್ವನಿಯಲ್ಲಿ ಕಿಂಚಿತ್ತೂ ಏರುಪೇರಿಲ್ಲದೆ, "ಶ್ರೀಮತಿ ವಿನೋದಿನಿ ಹಂಚಿನಮನಿ, ಸೊನ್ನೆ" ಎಂದಿರಿ. ಸ್ವಂತ ಹೆಂಡತಿಯೆಂದು ಪಕ್ಷಪಾತ ಮಾಡದ ತಮ್ಮ ನ್ಯಾಯನಿಷ್ಠೆಯನ್ನು ಹಲವರು ಆಮೇಲೆ ಹೊಗಳಿದರು. ಮನಸ್ಸಿದ್ದರೆ ಮಾರ್ಗ, ಸಮಯವಿಲ್ಲ ಎನ್ನುವವರು ದೇವರನ್ನು ಕಡೆಯ ಬೆಂಚಿನಲ್ಲಿ ಕೂರಿಸಿದವರು ಎಂದೂ ತಾವು ಸೇರಿಸಿದಿರಿ. ನಾನು ನನ್ನ ಚಪ್ಪಲಿಯ ಬಾರನ್ನು ನೋಡುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ನನ್ನ ಕೈಯನ್ನು ಮೆಲ್ಲಗೆ ಅದುಮಿದಳು. ಯಾರಾದರೂ ತೀರಿಕೊಂಡ ಮನೆಯಲ್ಲಿ ಅದುಮುವ ಹಾಗೆ. ನಗೆಯ ಮಾತುಗಳನ್ನು ಒಂದು ಕ್ಷಣ ಬದಿಗಿಟ್ಟು ಹೇಳುವುದಾದರೆ, ಆ ದಿನ ನನಗೆ ಅವಮಾನವಾದದ್ದಕ್ಕಿಂತ ಭಯವಾದದ್ದು ಹೆಚ್ಚು. ದೇವರೂ ಸೊನ್ನೆಯೆಂದೇ ಬರೆದುಕೊಂಡಿದ್ದಾನೋ ಏನೋ ಎಂದು.

ಅದಾದ ಕೆಲವೇ ದಿನಗಳಲ್ಲಿ, ಮೇ ಮೂರರಂದು, ನಲ್ಲಿಯ ಕಟ್ಟೆಯ ಪಾಚಿಯ ಮೇಲೆ ಕಾಲು ಜಾರಿ ತುಂಬಿದ ಹಂಡೆಯ ಸಮೇತ ಬಿದ್ದೆ. ಹಂಡೆಗೆ ಏನೂ ಆಗಲಿಲ್ಲ. ನನ್ನ ಎಡಗಾಲಿನ ಕೀಲು ಕುಂಬಳಕಾಯಿಯಂತೆ ಊದಿತು. ಹತ್ತು ದಿನ ಕಾಲು ನೆಲಕ್ಕೆ ಊರಕೂಡದೆಂದು ಡಾಕ್ಟರರು ಪಟ್ಟಿ ಕಟ್ಟಿ ಕಳಿಸಿದರು. ಹೀಗೆ ಹದಿನಾಲ್ಕನೆಯ ಖೋಲಿಯ ನೀರಿನ ಖಾತೆ ಕಾರ್ಯದರ್ಶಿಗಳಿಗೆ ವರ್ಗಾವಣೆಯಾಯಿತು.

ಮೊದಲ ದಿನ ತಾವು ನಿಯಮ ಮೀರದೆ ಆರೂಕಾಲಿಗೆ ಆಮೆನ್ ಹೇಳಿ ಎದ್ದು ಹಂಡೆ ಹಿಡಿದು ಹೋದಿರಿ. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಆ ದಿನ ತಾವು ಒಂದು ತಂಬಿಗೆ ನೀರಿನಲ್ಲಿ ಮುಖ ತೊಳೆದು ಗಡ್ಡ ಉಳಿಸಿಕೊಂಡೇ ಡ್ಯೂಟಿಗೆ ಹೋದದ್ದನ್ನು ಚಾಳಿನವರೆಲ್ಲ ನೋಡಿದರು. ಎರಡನೆಯ ದಿನ ಐದಕ್ಕೇ ಹೋಗಿ ಹಂಡೆಯನ್ನು ಸಾಲಿನಲ್ಲಿಟ್ಟು, ಎರಡು ಕೆಲಸವೂ ಆಗಲೆಂದು ವೇದವನ್ನು ತೆರೆದು ನಿಂತಿರಿ. ಸಾಲು ಮುಂದೆ ಹೋಯಿತು, ತಮ್ಮ ಹಂಡೆ ನಿಂತಲ್ಲೇ ನಿಂತಿತು, ಹೆಂಗಸರು ತಮ್ಮನ್ನು ದೀಪದ ಕಂಬದಂತೆ ಸುತ್ತಿಕೊಂಡು ಹೋದರು. ಅರ್ಧ ಹಂಡೆ ಸಿಕ್ಕಿತು. ಇದೆಲ್ಲ ನಾನು ಕಂಡದ್ದಲ್ಲ. ನಮ್ಮ ಎದುರು ಖೋಲಿಯ ಜೈತುನಬಿ ಬಂದು ನನ್ನ ಹಾಸಿಗೆಯ ಪಕ್ಕ ಕೂತು, ಸೆರಗು ಬಾಯಿಗೆ ಹಿಡಿದುಕೊಂಡು ಹೇಳಿದ್ದು.

ಮೂರನೆಯ ದಿನದ ಸಂಗತಿಯನ್ನು ಹೇಳುವಾಗ ಮಾತ್ರ ಆಕೆ ನಗಲಿಲ್ಲ. ಆ ದಿನ ಸಾಲಿನಲ್ಲಿ ಒಂದು ತಾಮ್ರದ ಹಂಡೆ ತನ್ನವರು ಯಾರೂ ಇಲ್ಲದೆ ತಾನೇ ಮುಂದೆ ಮುಂದೆ ಹೋಗುತ್ತಿರುವುದು ತಮ್ಮ ಕಣ್ಣಿಗೆ ಬಿತ್ತು. ಹಿಂದೆ ನಿಂತವರು ಕಾಲಿನಿಂದ ಅದನ್ನು ಸರಿಸುತ್ತಿದ್ದರು. ಗೈರುಹಾಜರಾದವರ ಪಾಳಿ ಹಾಜರಿದ್ದವರ ಮುಂದೆ ಹೋಗುವುದು ಯಾವ ನ್ಯಾಯವೆಂದು ತಾವು ಹಾಜರಿ ಗುಮಾಸ್ತರ ಧ್ವನಿಯಲ್ಲಿ ಕೇಳಿದಿರಂತೆ. ಅಷ್ಟರಲ್ಲಿ ಬೆಳಗಿನ ನಮಾಜು ಮುಗಿಸಿ ಬಂದ ಜೈತುನಬಿ, ಹಂಡೆ ತನ್ನದೆಂದು ಒಪ್ಪಿಕೊಂಡು, ತಮಗೆ ಹೇಳಿದ್ದು ಇಷ್ಟು:

"ಅಣ್ಣಾರ, ನಾ ನಮಾಜಿಗಿ ಹ್ವಾದಾಗ ದಿನಾ ಈ ಹಂಡೆ ಮುಂದ ಸರಸಾಕಿ ನಿಮ್ಮ ಮನಿಯಾಕಿನ ರೀ. ಈಗ ಆಕಿ ಬಿದ್ದಾಳಂತ ಉಳಿದವ್ರು ಸರಸ್ತಾರ. ನಾಕು ತಿಂಗಳಿಂದ ನನ್ನ ನಮಾಜು ಆಕಿ ಕಾಲಿನ ಮ್ಯಾಲ ನಿಂತೈತಿ."

ತಾವು ನೀರು ತುಂಬಿಕೊಂಡು ಬಂದಿರಿ. ಹಂಡೆಯನ್ನು ಮೋರಿಯಲ್ಲಿ ಸದ್ದಾಗದಂತೆ ಇಳಿಸಿ, ನನ್ನ ಕಡೆ ತಿರುಗದೆಯೇ, "ಇಷ್ಟು ದಿನ ನೀ ಯಾಕ ಹೇಳಲಿಲ್ಲ?" ಎಂದು ಕೇಳಿದಿರಿ. "ನೀವು ಧ್ಯಾನದಾಗ ಇದ್ರಿ" ಎಂದೆ. ಕುಹಕಕ್ಕೆ ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದೆ.

ಇತ್ತ ನನ್ನ ಪಾಲಿಗೆ ಬಂದ ಮುಕ್ಕಾಲು ಗಂಟೆಯ ವಿಷಯವನ್ನೂ ಸಮಿತಿಗೆ ನಿವೇದಿಸಬೇಕು. ತಮ್ಮ ಕುರ್ಚಿಯಲ್ಲಿ ಕೂತು, ಕಾಲನ್ನು ಅಕ್ಕಿಯ ಡಬ್ಬದ ಮೇಲಿಟ್ಟು, ಕಣ್ಣುಮುಚ್ಚಿದೆ. ಎರಡು ದಿನ ನಿದ್ದೆಹೋದೆ. ಮೂರನೆಯ ದಿನ ತೊಗರಿಬೇಳೆ ತೀರುತ್ತ ಬಂದದ್ದನ್ನು ಬಿಟ್ಟು ಬೇರೇನೂ ನೆನಪಾಗಲಿಲ್ಲ. ಐದನೆಯದೋ ಆರನೆಯದೋ ದಿನ, ಹೊರಗೆ ಕೊಡಗಳ ಸದ್ದು ನಡೆದೇ ಇರುವಾಗ, ಒಳಗೆ ಏನೋ ತಣ್ಣಗಾಯಿತು. ನಾನು ಏನನ್ನೂ ಬೇಡಲಿಲ್ಲ. ದೇವರೂ ಏನೂ ಹೇಳಲಿಲ್ಲ. ಆದರೆ ಬಹಳ ದಿನದ ಮೇಲೆ ತವರಿನವರು ಬಂದು ಪಕ್ಕದಲ್ಲಿ ಕೂತರೆ ಮಾತೇ ಬೇಕಾಗುವುದಿಲ್ಲವಲ್ಲ, ಹಾಗಿತ್ತು. ಸೊನ್ನೆಯ ಭಯ ಅಂದೇ ಹೋಯಿತು. ಅಂದಿನಿಂದ ಈ ಮುಕ್ಕಾಲು ಗಂಟೆಯನ್ನು ಮತ್ತೆ ಯಾರಿಗೂ ಬಿಟ್ಟುಕೊಡಬಾರದೆಂಬ ದುರಾಸೆ ಹುಟ್ಟಿದೆ.

ಹದಿನಾಲ್ಕನೆಯ ತಾರೀಖು, ಪಟ್ಟಿ ಬಿಚ್ಚಿದ ಮರುದಿನ, ನಾನು ಎದ್ದು ಹಂಡೆಗೆ ಕೈಹಾಕಿದೆ. ತಾವು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, "ನೀ ಕೂಡು. ಸೋಮವಾರ, ಬುಧವಾರ, ಶುಕ್ರವಾರ ನಾ ಹೋಗ್ತೀನಿ" ಎಂದಿರಿ. ಅಂದು ನನಗೆ ಧ್ಯಾನ ಸಾಗಲಿಲ್ಲ, ಕಣ್ಣು ತುಂಬಿ ಅಕ್ಷರ ಕಾಣಿಸಲಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಹುಟ್ಟುತ್ತಲೇ ಇರಲಿಲ್ಲ.

ಆದರೆ ಮುಂದಿನ ಭಾನುವಾರ ತಾವು ಮತ್ತೆ ವರದಿ ಓದಿದಿರಿ. ತಮ್ಮ ಕಾರ್ಡಿನ ಖಾಲಿ ಚೌಕಗಳ ಬಗ್ಗೆ, "ಕಾರ್ಯದರ್ಶಿಯವರು ಅನಿವಾರ್ಯ ಗೃಹಕೃತ್ಯದ ನಿಮಿತ್ತ ಮಂಜೂರಾದ ರಜೆಯಲ್ಲಿದ್ದರು" ಎಂದಿರಿ. ನಾಲ್ಕು ತಿಂಗಳು ಅದೇ ನಲ್ಲಿ, ಅದೇ ಹಂಡೆ, ಅದೇ ಗೃಹಕೃತ್ಯ. ನಾನು ಮಾಡಿದರೆ ಸೊನ್ನೆ. ತಾವು ಹತ್ತು ದಿನ ಮಾಡಿದರೆ ಮಂಜೂರಾದ ರಜೆ. ಮಂಜೂರು ಮಾಡಿದವರು ಯಾರೆಂದು ವಿಚಾರಿಸಿದೆ, ಕಾರ್ಯದರ್ಶಿಯವರೆಂದು ತಿಳಿಯಿತು.

ಆದಕಾರಣ ಸಮಿತಿಯಲ್ಲಿ ನನ್ನ ವಿನಮ್ರ ಪ್ರಾರ್ಥನೆಗಳು. ಸೂರ್ಯನು ಇನ್ನು ಮುಂದೆ ಮುಕ್ಕಾಲು ಗಂಟೆ ತಡವಾಗಿ ಹುಟ್ಟುವಂತೆ ಸಮಿತಿಯು ಠರಾವು ಪಾಸುಮಾಡಿ ಮೇಲಕ್ಕೆ ಕಳಿಸಬೇಕು. ಯೆಹೋಶುವನ ಕಾಲದಲ್ಲಿ ಅವನ ಪ್ರಾರ್ಥನೆಗೆ ಸೂರ್ಯನು ಒಮ್ಮೆ ಆಕಾಶದಲ್ಲೇ ತಡೆದು ನಿಂತದ್ದುಂಟು, ಆದ್ದರಿಂದ ಹೊಸ ಪದ್ಧತಿಯೇನಲ್ಲ. ಅದು ಆಗದಿದ್ದರೆ, ಸಮಿತಿಯ ಎಲ್ಲ ಸದಸ್ಯರ ಹೆಂಡಂದಿರಿಗೂ ವರ್ಷಕ್ಕೊಮ್ಮೆ ಸರದಿಯ ಮೇಲೆ ಹತ್ತು ದಿನ ಕಾಲು ಉಳುಕುವ ವ್ಯವಸ್ಥೆಯಾಗಲಿ. ಅದೂ ಕಷ್ಟವಾದರೆ, ನನ್ನ ನಾಲ್ಕು ತಿಂಗಳ ಸೊನ್ನೆಯನ್ನು ಹೊಡೆದುಹಾಕಿ ಅಲ್ಲಿ "ಮಂಜೂರಾದ ರಜೆ" ಎಂದು ಕೆಂಪು ಪೆನ್ಸಿಲಿನಿಂದಲೇ ಬರೆದು, ಬರುವ ಭಾನುವಾರ ಅಷ್ಟೇ ಏರುಪೇರಿಲ್ಲದ ಧ್ವನಿಯಲ್ಲಿ ಓದಬೇಕು. ದೇವರಿಗೆ ಮೊದಲ ಸ್ಥಾನ ಕೊಡುವುದೆಂದರೆ ಮನೆಯಲ್ಲಿ ಒಬ್ಬರು ಕೊಟ್ಟು ಇನ್ನೊಬ್ಬರು ಅದರ ನೀರು ಹೊರುವುದಲ್ಲ ಎಂಬ ಮಾತನ್ನು ಎಂಟನೆಯ ನಿಯಮವಾಗಿ ಸೇರಿಸಿದರೆ ಉಪಕಾರವಾದೀತು.

ತಮ್ಮ ಆರೋಗ್ಯ, ಧ್ಯಾನ ಮತ್ತು ಸೊಂಟವನ್ನು ದೇವರು ಕಾಯಲೆಂದು ಹಾರೈಸುವ,

ತಮ್ಮ ವಿಶ್ವಾಸಿ, ಮಂಗಳವಾರ, ಗುರುವಾರ ಮತ್ತು ಶನಿವಾರಗಳಲ್ಲಿ ನಲ್ಲಿಯ ಬಳಿ ಸಿಗುವ,
ವಿನೋದಿನಿ ದಾನಪ್ಪ ಹಂಚಿನಮನಿ

ತಾ.ಕ.: ಈ ಪತ್ರವನ್ನು ಮೂರು ಬೆಳಗುಗಳಲ್ಲಿ, ಧ್ಯಾನದ ಹೊತ್ತಿನಲ್ಲೇ, ತಮ್ಮ ಕುರ್ಚಿಯಲ್ಲಿ ಕೂತು ಬರೆದೆ. ಇದನ್ನು ಕಾರ್ಡಿನಲ್ಲಿ ಹಾಜರಿಯೆಂದು ಹಿಡಿಯಬಹುದೇ ಎಂಬ ಸಂಶಯ ನನಗೂ ಇತ್ತು. ಆದರೆ ಬರೆಯುವಾಗ ದೇವರು ಪಕ್ಕದಲ್ಲೇ ಇದ್ದನು. ಎರಡು ಕಡೆ ಮಾತ್ರ 'ಇದು ಬೇಡ' ಎಂದನು. ಆ ಎರಡೂ ವಾಕ್ಯಗಳನ್ನು ತೆಗೆದಿದ್ದೇನೆ. ಉಳಿದದ್ದಕ್ಕೆಲ್ಲ ಆತನ ಒಪ್ಪಿಗೆ ಇದೆಯೆಂದು ತಿಳಿದು, ಒಂದಕ್ಷರ ಬಿಡದೆ ಕೊರೆಯುವುದು.